ಒಂದು ಲೈನಿಗೆ ಒಂದು ಬಿಲ್ಲೆ

ಹೊಲಿಗೆ ಕಾರ್ಖಾನೆಯ ಆ ಲೈನಿನ ತುದಿಯಲ್ಲಿ ಒಂದು ಮೊಳೆ. ಮೊಳೆಗೆ ಒಂದು ಕೆಂಪು ಪ್ಲಾಸ್ಟಿಕ್ ಬಿಲ್ಲೆ. ಅಲ್ಲಿ ಕೂತು ಹೊಲಿಯುವ ಅಷ್ಟೂ ಹೆಂಗಸರ ಮಾನ ಮರ್ಯಾದೆ ಆ ಮೊಳೆಗೇ ನೇತುಬಿದ್ದಿತ್ತು. ಬಿಲ್ಲೆ ಕೈಯಲ್ಲಿದ್ದವಳು ಮಾತ್ರ ಟಾಯ್ಲೆಟ್ಟಿಗೆ ಹೋಗಬಹುದು. ಅವಳು ವಾಪಸು ಬಂದು ತಗುಲಿಹಾಕುವವರೆಗೆ ಉಳಿದವರು ಹಲ್ಲು ಕಚ್ಚಿಕೊಂಡು ಕೂರಬೇಕು. ಆಮೇಲೂ ಸೂಪರ್‌ವೈಸರ್, ಅಂದರೆ ಹೆಂಗಸರ ಬಾಯಲ್ಲಿ ಬರೀ ‘ಮೀಸೆ’, ತಲೆಯಾಡಿಸಬೇಕು. ದೇವರು ಕೊಟ್ಟ ದೇಹಕ್ಕೆ ಮೀಸೆಯ ಅಪ್ಪಣೆ ಬೇರೆ!

ಕಾಲರಕ್ಕ ಆ ಲೈನಿನ ಹಳೇ ಹುಲಿ. ಶರ್ಟಿನ ಕಾಲರು ಹೊಲಿಯುತ್ತ ಹೊಲಿಯುತ್ತಲೇ ತಲೆ ನರೆತವಳು. ಅವಳ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು. ಮಗಳನ್ನು ಪಕ್ಕದ ಮೆಷಿನ್ನಿಗೆ ಸೇರಿಸಿದ ದಿನ, ಬಟ್ಟೆ ಹಿಡಿಯುವುದಕ್ಕೂ ಮೊದಲು ಅವಳು ಹೇಳಿಕೊಟ್ಟದ್ದು ಇದನ್ನು.

“ಮನೆ ಬಿಡೋ ಮುಂಚೆ ನೀರು ಕುಡೀಬೇಡ. ಬಾಯಿ ಮುಕ್ಕಳಿಸಿ ಉಗಿ. ಊಟದ ಹೊತ್ತಲ್ಲಿ ಒಂದು ಗುಟುಕು, ಅಷ್ಟೇ.”

“ಬಾಯಾರಿದ್ರೆ ಅಮ್ಮಾ?”

“ದಾರದ ತುದಿ ಒದ್ದೆ ಮಾಡ್ತೀವಲ್ಲ, ಹಾಗೆ ತುಟಿ ಒದ್ದೆ ಮಾಡ್ಕೋ. ಅಭ್ಯಾಸ ಆಗುತ್ತೆ. ನಂಗಾಗಿಲ್ವಾ?”

ಮಗಳು ಜಾಣೆ, ಬೇಗ ಕಲಿತಳು. ಮೀಸೆ ಎಲ್ಲರೆದುರು ಹೊಗಳಿದ. “ನೋಡ್ರಮ್ಮಾ, ನಿನ್ನೆ ಮೊನ್ನೆ ಬಂದ ಹುಡುಗಿ! ಬಿಲ್ಲೆ ಕಡೆ ತಿರುಗಿಯೂ ನೋಡಲ್ಲ. ನಿಮಗೇನು ಒಳಗೆ ನಲ್ಲಿ ಕೂರಿಸಿದ್ದಾರಾ?”

ಕಾಲರಕ್ಕನ ಎದೆಯುಬ್ಬಿತು. ಎಂಥ ಹೆಮ್ಮೆ ನೋಡಿ! ಮಗಳು ಬಾಯಾರಿಕೆಯಲ್ಲಿ ಪಾಸಾದಳು ಅಂತ ಹೆಮ್ಮೆ.

ಆಮೇಲೆ ಹುಡುಗಿಗೆ ಉರಿಮೂತ್ರ ಶುರುವಾಯಿತು. ಅದರ ಹಿಂದೆಯೇ ಚಳಿಜ್ವರ, ಸೊಂಟ ಮುರಿದುಬೀಳುವಂಥ ನೋವು. ಬೀದಿಯ ಕೊನೆಯ ಡಾಕ್ಟರಮ್ಮ ಪರೀಕ್ಷೆ ಮಾಡಿ ಗದರಿದರು.

“ನೀರು ಕುಡಿಯಲ್ವೇನೇ? ಬಂದಾಗ ಹೋಗಲ್ವಾ? ಸೋಂಕು ಮೇಲಕ್ಕೇರಿದೆ. ಮಾತ್ರೆ ಕೊಡ್ತೀನಿ, ಪೂರ್ತಿ ನುಂಗು. ಆದ್ರೆ ಹೀಗೇ ತಡ್ಕೊಂಡು ಕೂತ್ರೆ ಮತ್ತೆ ಬರುತ್ತೆ, ಕಿಡ್ನಿಗೇ ಪೆಟ್ಟು. ಯಾರು ಹೇಳಿಕೊಟ್ರು ನಿಂಗೆ ಈ ಬುದ್ಧೀನಾ?”

ಮಗಳು ಅಮ್ಮನ ಕಡೆ ನೋಡಲಿಲ್ಲ. ನೋಡದಿದ್ದದ್ದೇ ಕಾಲರಕ್ಕನಿಗೆ ಹೆಚ್ಚು ಚುಚ್ಚಿತು.

ಜ್ವರ ಇಳಿದು ಮಗಳು ಕೆಲಸಕ್ಕೆ ಬಂದ ದಿನ ಕಾಲರಕ್ಕ ಮೀಸೆಯ ಮುಂದೆ ನಿಂತಳು.

“ಅಣ್ಣಾ, ಮಗೂಗೆ ಇನ್ನೂ ವಾಸಿಯಾಗಿಲ್ಲ. ಕೇಳಿದಾಗ ಬಿಟ್ಬಿಡಿ.”

“ಎಲ್ಲರ ಮನೇಲೂ ಮಕ್ಕಳಿದ್ದಾರೆ ಅಕ್ಕಾ. ಇವಳಿಗೊಂದು ನ್ಯಾಯ, ಅವಳಿಗೊಂದು ನ್ಯಾಯ ಮಾಡಕ್ಕಾಗುತ್ತಾ? ಹುಷಾರಿಲ್ದಿದ್ರೆ ಮನೇಲಿರ್ಲಿ. ಗೇಟಿನ ಹೊರಗೆ ಜನ ಕಾಯ್ತಿದ್ದಾರೆ.”

ಇಂಥ ಕಾರ್ಖಾನೆಗೆ ಇದ್ದಕ್ಕಿದ್ದಂತೆ ಕೆಲಸಗಾರರ ಆರೋಗ್ಯದ ಮೇಲೆ ಅಕ್ಕರೆ ಉಕ್ಕಿತು. ‘ಕುಟುಂಬ ಆರೋಗ್ಯ ದಿನ’ ಎಂದು ದೊಡ್ಡ ಬ್ಯಾನರು ಎದ್ದಿತು. ಶರ್ಟು ಕೊಳ್ಳುವ ದೂರದ ಸಾಹೇಬರಿಗೆ ಫೋಟೋ ಕಳಿಸಬೇಕಿತ್ತಂತೆ. ಊಟದ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ಸಲಹೆ ಕೊಡುವ ಮೇಡಂ ಒಬ್ಬರು ಕಾರಿನಿಂದ ಇಳಿದರು. ಬಟ್ಟೆಯಲ್ಲೂ ಸುಕ್ಕಿಲ್ಲ, ನಗುವಿನಲ್ಲೂ ಸುಕ್ಕಿಲ್ಲ.

“ಆರೋಗ್ಯ ನಿಮ್ಮ ಕೈಯಲ್ಲೇ ಇದೆ ತಾಯಂದಿರೇ! ಬೆಳಿಗ್ಗೆ ಆರಾಮಾಗಿ ವಾಕಿಂಗ್ ಮಾಡಿ. ಹಣ್ಣು ತಿನ್ನಿ. ಕಣ್ತುಂಬ ನಿದ್ದೆ ಮಾಡಿ. ಮುಖ್ಯವಾಗಿ ನೀರು! ಮಕ್ಕಳಿಗೂ ಕುಡಿಸಿ, ನೀವೂ ಧಾರಾಳವಾಗಿ ಕುಡೀರಿ. ಮೂತ್ರ ಮಾತ್ರ ಯಾವತ್ತೂ ತಡೀಬೇಡಿ.”

ಗುಂಡಿ ಹಾಕುವ ಗುಂಡಿಯಮ್ಮ ಕಿಸಕ್ಕೆಂದಳು. “ಹಣ್ಣಂತೆ, ವಾಕಿಂಗಂತೆ. ಈಯಮ್ಮ ಯಾವ ಲೋಕದಿಂದ ಇಳಿದ್ಲೇ?”

ಎಲ್ಲರಿಗೂ ಒಂದೊಂದು ನೀಲಿ ಬಾಟಲಿ ಹಂಚಿದರು, ತುಂಬ ತಣ್ಣನೆಯ ನೀರು. ಮ್ಯಾನೇಜರು ಫೋಟೋದವನನ್ನು ಮುಂದೆ ತಳ್ಳಿದ. “ಕುಡೀರಿ, ಎಲ್ರೂ ಕುಡೀರಿ! ನಗ್ತಾ ಕುಡೀರಿ!” ಮೊದಲ ಫೋಟೋ ಸರಿಬರಲಿಲ್ಲ. ಇನ್ನೊಂದಕ್ಕೂ ಕುಡಿದರು. ಮಗಳು ಹೆದರಿ ಹೆದರಿ ಬಾಟಲಿ ಖಾಲಿ ಮಾಡಿದಳು.

“ಏನಾದ್ರೂ ಪ್ರಶ್ನೆ ಇದ್ಯಾ?” ಎಂದರು ಮೇಡಂ.

ಕಾಲರಕ್ಕ ಎದ್ದಳು. “ಕುಡಿದಿದ್ದೇನೋ ಆಯ್ತು. ಹೋಗೋಕೆ ಇಡೀ ಲೈನಿಗೆ ಒಂದೇ ಬಿಲ್ಲೆ ಮೇಡಂ. ಏನ್ಮಾಡೋಣ?”

ಮೇಡಂ ಮ್ಯಾನೇಜರ ಮುಖ ನೋಡಿದರು. ಮ್ಯಾನೇಜರು ಗಡಿಯಾರ ನೋಡಿದ. “ಅದು ಆಡಳಿತದ ವಿಷಯ. ಇವತ್ತು ಆರೋಗ್ಯದ್ದು ಮಾತ್ರ ಕೇಳಿ.”

ಮೇಡಂ ನಗು ಸರಿಮಾಡಿಕೊಂಡರು. “ಸ್ವಲ್ಪ ಸಮಯ ಹೊಂದಿಸ್ಕೊಳ್ಳೋದು ಕಲೀಬೇಕು, ಅಲ್ವಾ?” ಎಂದು ಚಪ್ಪಾಳೆ ಹೊಡೆಸಿ ಹೊರಟೇಬಿಟ್ಟರು.

ಮೆಷಿನ್ನುಗಳು ಮತ್ತೆ ಗರಗರ ಎಂದವು. ಸ್ವಲ್ಪ ಹೊತ್ತಿಗೆ ಎಲ್ಲರ ಕಿಬ್ಬೊಟ್ಟೆಯೂ ಬಿಗಿಯಿತು. ಒಂದಿಬ್ಬರು ಹೋಗಿಬಂದರು. ಮಗಳು ಎದ್ದು ಕೈಚಾಚಿದಳು. ಮೀಸೆ ಬಿಲ್ಲೆಯ ಮೇಲೆ ಅಂಗೈ ಇಟ್ಟ.

“ಸಾಕು. ಭಾಷಣದಲ್ಲೇ ಹೊತ್ತು ಹಾಳಾಗಿದೆ. ಟಾರ್ಗೆಟ್ ಮುಗಿಯೋವರೆಗೂ ಯಾರೂ ಏಳಂಗಿಲ್ಲ.”

ಮಗಳು ಕೂತಳು. ಮೊಣಕಾಲು ಒತ್ತಿಕೊಂಡು, ಕಣ್ಣು ಮುಚ್ಚಿಕೊಂಡು, ಅಮ್ಮ ಇಷ್ಟು ವರ್ಷ ಕೂತ ಹಾಗೆಯೇ ಕೂತಳು.

ಮೀಸೆ ಪ್ಯಾಕಿಂಗಿನ ಕಡೆ ಹೋದದ್ದೇ ತಡ, ಕಾಲರಕ್ಕ ಬಿಲ್ಲೆಯನ್ನು ಮೊಳೆಯಿಂದ ತೆಗೆದಳು. ಕಾಲರಿನ ಎರಡು ಪದರದ ನಡುವೆ ಇಟ್ಟಳು. ಸುತ್ತ ಹೊಲಿದುಬಿಟ್ಟಳು. ಕಾಲರು ಅಂಗಿಗೆ ಕೂಡಿಸುವವಳ ಕೈಗೆ ಹೋಯಿತು, ಅಲ್ಲಿಂದ ತೋಳು ಹಚ್ಚುವವಳ ಕೈಗೆ. ಮುಟ್ಟಿದವರಿಗೆಲ್ಲ ಗೊತ್ತಾಯಿತು. ಒಬ್ಬಳೂ ತುಟಿ ಪಿಟಕ್ಕೆನ್ನಲಿಲ್ಲ. ಗುಂಡಿಯಮ್ಮ ಗುಂಡಿ ಹಾಕಿ, ಅಂಗಿಯನ್ನು ರಾಶಿಗೆ ಎಸೆದಳು. ಯಾವ ಸಾಹೇಬನ ಕತ್ತಿಗೆ ಒತ್ತುತ್ತದೋ, ಒತ್ತಲಿ.

ಮೀಸೆ ಬಂದು ಬೋಳು ಮೊಳೆ ಕಂಡ. “ಬಿಲ್ಲೆ ಎಲ್ಲಿ?”

“ಹೋಯ್ತು,” ಎಂದಳು ಕಾಲರಕ್ಕ.

“ಹಾಗಾದ್ರೆ ಇವತ್ತು ಯಾರಿಗೂ ಇಲ್ಲ!”

“ಹಾಗಾದ್ರೆ ಇನ್ನು ಯಾರೂ ಕೇಳೋದೇ ಬೇಡ.” ಅವಳು ಮೆಷಿನ್ನು ನಿಲ್ಲಿಸಿ ಮಗಳ ಕೈ ಹಿಡಿದಳು. “ಏಳು ಮಗಾ. ನಾನು ಹೇಳಿಕೊಟ್ಟಿದ್ದು ತಪ್ಪು.”

ಗುಂಡಿಯಮ್ಮ ಎದ್ದಳು. ತೋಳು ಹಚ್ಚುವವಳು ಎದ್ದಳು. ಇಡೀ ಲೈನು ಎದ್ದಿತು. ಪಕ್ಕದ ಲೈನಿನವರು ಒಂದು ಕ್ಷಣ ನೋಡಿದರು, ಅವರೂ ಎದ್ದರು. ಗರಗರ ನಿಂತು ಹೋದದ್ದಕ್ಕೇ ಮ್ಯಾನೇಜರು ಓಡಿಬಂದ.

“ಯಾರು ಹೇಳಿದ್ದು ಏಳೋಕೆ? ಒಬ್ಬೊಬ್ಬರನ್ನೂ ಕಿತ್ತುಹಾಕ್ತೀನಿ!”

ಕಾಲರಕ್ಕ ನಿಲ್ಲಲೇ ಇಲ್ಲ. ನಡೆಯುತ್ತಲೇ ಹೇಳಿದಳು.

“ನೀವೇ ಕರೆಸಿದ ಮೇಡಂ ಹೇಳಿದ್ದು ಸಾರ್. ಕುಡೀರಿ ಅಂದ್ರು, ಕುಡಿದ್ವಿ. ತಡೀಬೇಡಿ ಅಂದ್ರು, ತಡೀತಿಲ್ಲ. ಆ ಫೋಟೋದವನು ಇನ್ನೂ ಇದ್ರೆ ಕರೀರಿ, ಇದನ್ನೂ ತೆಗೀಲಿ.”