ಜಗಳಕ್ಕೆಂದು ಕಲಿತ ಹಿಂದಿ

ಕತ್ತರಿಯಕ್ಕನ ಬಾಯಿಗೆ ಹೆದರದವರು ಆ ಬೀದಿಯಲ್ಲಿ ಇರಲಿಲ್ಲ. ಹೊಲಿಗೆ ಅಂಗಡಿ ಇಟ್ಟಿದ್ದರಿಂದ ಆಕೆಗೆ ಆ ಹೆಸರು ಬಂತು ಎಂದು ಅವಳ ಗಂಡ ಹೊಸಬರಿಗೆ ಹೇಳುತ್ತಿದ್ದ. ಹಳಬರು ಕೇಳಿಸಿಕೊಂಡು ಮೀಸೆಯಡಿ ನಗುತ್ತಿದ್ದರು. ಬಟ್ಟೆ ಒಯ್ದು ಕೂಲಿ ಕೊಡದವನು, ಅಂಗಡಿ ಬಾಗಿಲಿಗೆ ಅಡ್ಡಲಾಗಿ ಗಾಡಿ ನಿಲ್ಲಿಸಿದವನು, ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ಆಮೇಲೆ ಬಿಗಿಯಾಯಿತೆಂದು ಬಂದವನು, ಎಲ್ಲರೂ ಒಂದಲ್ಲ ಒಂದು ಸಲ ಆ ಕತ್ತರಿಗೆ ಸಿಕ್ಕಿದವರೇ. ಬೈದ ಮೇಲೆ ಆಕೆ ಕೂರಿಸಿ ನೀರು ಕೊಡುವವಳೂ ಹೌದು. ಆದರೆ ಮೊದಲು ಬೈಗುಳ, ಆಮೇಲೆ ನೀರು. ಆ ಕ್ರಮ ತಪ್ಪುವಂತಿರಲಿಲ್ಲ.

ಅಂಗಡಿಯ ಮೇಲಿನ ಮನೆಗೆ ತಾಯಿ ಮಗಳಿಬ್ಬರು ಬಾಡಿಗೆಗೆ ಬಂದರು. ಮಗಳು ಆಸ್ಪತ್ರೆಯಲ್ಲಿ ನರ್ಸು, ಬೆಳಿಗ್ಗೆ ಹೋದರೆ ಮನೆ ಸೇರುವುದು ಸಂಜೆಗೇ. ತಾಯಿ ಕತ್ತರಿಯಕ್ಕನ ವಯಸ್ಸಿನವಳೇ ಇದ್ದಾಳು. ಬಾಲ್ಕನಿಯ ತುಂಬ ಹೂಕುಂಡ ಇಟ್ಟುಕೊಂಡು ಅವುಗಳ ಜೊತೆ ಮಾತಾಡಿಕೊಂಡು ಇರುತ್ತಿದ್ದಳು. ಅವಳಿಗೆ ಬರುತ್ತಿದ್ದುದು ಹಿಂದಿ ಒಂದೇ. ಬೀದಿಯಲ್ಲಿ ಯಾರಿಗೂ ಬಾರದಿದ್ದುದೂ ಅದೊಂದೇ.

ಒಂದು ಬೆಳಿಗ್ಗೆ ಕತ್ತರಿಯಕ್ಕ ಡಾಕ್ಟರೊಬ್ಬರ ಬಿಳಿ ಕೋಟು ಹೊಲಿದು, ಇಸ್ತ್ರಿ ಮಾಡಿ, ಬಾಗಿಲ ಬಳಿಯ ಮೊಳೆಗೆ ನೇತುಹಾಕಿ ಒಳಗೆ ಹೋದಳು. ಹೊರಗೆ ಬರುವಷ್ಟರಲ್ಲಿ ಕೋಟಿನ ಹೆಗಲಿನಿಂದ ಜೇಬಿನವರೆಗೆ ಕೆಸರು ನೀರು ಇಳಿದಿತ್ತು. ತಲೆಯೆತ್ತಿ ನೋಡಿದರೆ ಮೇಲ್ಮನೆಯಾಕೆ ಚೊಂಬು ಹಿಡಿದುಕೊಂಡು ಗಿಡಗಳಿಗೆ ನೀರು ಹಾಕುತ್ತಿದ್ದಾಳೆ!

ಕತ್ತರಿಯಕ್ಕ ಕೋಟನ್ನು ಕಿತ್ತುಕೊಂಡು ಬೀದಿ ಮಧ್ಯಕ್ಕೆ ಬಂದಳು.

"ಏನ್ರೀ, ಕಣ್ಣು ಮುಖದಲ್ಲಿದೆಯೋ ಬೆನ್ನಲ್ಲಿದೆಯೋ? ಗಿಡಕ್ಕೆ ನೀರು ಹಾಕ್ತಿದ್ದೀರೋ, ನನ್ನ ಅನ್ನಕ್ಕೆ ಮಣ್ಣು ಹಾಕ್ತಿದ್ದೀರೋ? ನೋಡಿ ಇಲ್ಲಿ, ನೋಡಿ! ಕಣ್ಣು ಬಿಟ್ಟು ನೋಡಿ!" ಎಂದು ಕೋಟನ್ನು ಬಾವುಟದ ಹಾಗೆ ಬೀಸಿದಳು. ಶುರು ಮಾಡಿದವಳು ಸುಲಭಕ್ಕೆ ನಿಲ್ಲಿಸಲಿಲ್ಲ. ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿದ್ದನ್ನು ಹಾಗೇ ಬಿಟ್ಟು ಹೊರಗೆ ಬಂದು ನಿಂತ. ಗಿರಾಕಿಯೂ ನೊರೆಯೊಂದಿಗೇ ಬಂದು ನಿಂತ.

ಮೇಲ್ಮನೆಯಾಕೆ ಬಗ್ಗಿ ಕೋಟನ್ನು ನೋಡಿದಳು. ಅಡ್ಡಡ್ಡ ತಲೆಯಾಡಿಸಿದಳು. ಹಿಂದಿಯಲ್ಲಿ ಏನೋ ಹೇಳಿದಳು. ಆಮೇಲೆ ತನ್ನ ತಲೆ ಮುಟ್ಟಿಕೊಂಡು, ಬೆರಳನ್ನು ಕತ್ತರಿಯಕ್ಕನ ಕಡೆ ತೋರಿಸಿ, "ಬಾಲ್... ಬಾಲ್!" ಎಂದು ಇನ್ನೂ ಏನೇನೋ ಸೇರಿಸಿ, ನಕ್ಕು ಒಳಗೆ ಹೋದಳು.

ಕತ್ತರಿಯಕ್ಕ ಕ್ಷೌರದವನ ಕಡೆ ತಿರುಗಿದಳು.

"ಬಾಲ ಅಂದಳಾ? ನನಗೆ ಬಾಲ ಇದೆ ಅಂದಳಾ?"

"ಹಾಗೇ ಕೇಳಿಸ್ತಪ್ಪಾ," ಎಂದ ಕ್ಷೌರದವನು, ಗಂಭೀರವಾಗಿ.

"ಅಂದ್ರೆ ನಾನು ಕೋತಿ!"

"ಅದು ಬಿಡಿ ಅಕ್ಕಾ. ನೀವು ಅಷ್ಟು ಹೊತ್ತು ಬೈದಿದ್ದು ಹೊಳೇಲಿ ಹುಣಿಸೆಹಣ್ಣು ಕಿವುಚಿದ ಹಾಗಾಯ್ತಲ್ಲ, ಅದು ನನಗೆ ಬೇಜಾರು. ಒಂದಕ್ಷರ ಅರ್ಥ ಆಗಿಲ್ಲ ಅವರಿಗೆ. ಸಂಜೆ ಮಗಳು ಬರ್ತಾಳೆ, ಅವಳಿಗೆ ಹೇಳಿ. ಅವಳಿಗೆ ನಮ್ಮ ಮಾತು ಬರುತ್ತೆ."

"ಜಗಳಕ್ಕೆ ದುಭಾಷಿ ಇಟ್ಕೊಂಡ್ರೆ ಮರ್ಯಾದೆ ಎಲ್ಲಿ ಉಳಿಯುತ್ತೋ? ಅವಳಿಗೆ ಅರ್ಥ ಆಗೋ ಹಾಗೆ, ಅವಳ ಭಾಷೇಲೇ, ನಾನೇ ಬೈತೀನಿ," ಎಂದು ಕತ್ತರಿಯಕ್ಕ ಕೋಟನ್ನು ಒಗೆಯಲು ಒಳಗೆ ನಡೆದಳು.

ಜಗಳದ ಸುದ್ದಿ ಕೇಳಿ, ಸಿಟ್ಟಿನ ಮಾತು ಸಂಜೆಗೆ ಆರುತ್ತದೆ ಎಂದುಕೊಂಡಿದ್ದ ಡ್ರೈವರ್ ಗಂಡ ಬಸ್ಸು ಡಿಪೋಗೆ ಬಿಟ್ಟು ಮನೆಗೆ ಬಂದಾಗ, ಮೆಶಿನ್ನಿನ ಪಕ್ಕ ಮೊಬೈಲು ನಿಂತಿತ್ತು. ಅದರೊಳಗಿನ ಹೆಂಗಸೊಬ್ಬಳು ಹಿಂದಿಯಲ್ಲಿ ಒಂದು ಮಾತು ಹೇಳುತ್ತಿದ್ದಳು, ಹೆಂಡತಿ ಪೆಡಲು ತುಳಿಯುತ್ತಾ ಅದನ್ನೇ ಒಪ್ಪಿಸುತ್ತಿದ್ದಳು. ಹಳೆ ಪುಸ್ತಕದಂಗಡಿಯಿಂದ ತಂದ ತೆಳ್ಳನೆಯ ಹಿಂದಿ ಪಾಠದ ಪುಸ್ತಕವೊಂದು ನೂಲಿನ ಡಬ್ಬಿಗೆ ಒರಗಿ ಕೂತಿತ್ತು.

"ಏನೇ ಇದು?"

"ನಮಸ್ತೇ. ಆಪ್ ಕೈಸೇ ಹೈಂ?" ಎಂದು ಕ್ಷೇಮ ವಿಚಾರಿಸಿದಳು ಕತ್ತರಿಯಕ್ಕ. ಮದುವೆಯಾದಾಗಿನಿಂದ ಹೆಂಡತಿ ಇಷ್ಟು ನಯವಾಗಿ ಮಾತಾಡಿಸಿದ್ದು ನೆನಪಿಲ್ಲದ ಗಂಡ ಕುರ್ಚಿ ಎಳೆದುಕೊಂಡು ಕುಳಿತ.

ಅಕ್ಷರ ಅವಳಿಗೆ ಬೇಗ ಒಲಿಯಿತು. ಮೇಲೊಂದು ಗೆರೆ, ಅದರಿಂದ ಅಕ್ಷರಗಳು ಜೋತುಬಿದ್ದಿರುತ್ತವೆ. ಹಗ್ಗದ ಮೇಲೆ ಬಟ್ಟೆ ಒಣಹಾಕಿದ ಹಾಗೆ ಎಂದುಕೊಂಡ ಮೇಲೆ ಅವಳಿಗೆ ಕಷ್ಟವಾಗಲಿಲ್ಲ. ಕಷ್ಟ ಕೊಟ್ಟದ್ದು ಗಂಡು ಹೆಣ್ಣಿನ ಲೆಕ್ಕ. ಕನ್ನಡದಲ್ಲಿ ಜೀವವಿಲ್ಲದ ವಸ್ತುವೆಲ್ಲ 'ಅದು'. ಹಿಂದಿಯಲ್ಲಿ ಮೊಳೆ ಹೊಡೆದ ಸ್ಟೂಲಿಗೂ ಒಂದು ಲಿಂಗ! ಸೂಜಿ ಹೆಣ್ಣು, ದಾರ ಗಂಡು. ಅದೇನೋ ಸರಿ, ಸಂಸಾರಸ್ಥರ ಹಾಗಿದೆ ಎಂದುಕೊಂಡಳು. ಕೋಟು ಗಂಡು, ಅದರ ಜೇಬು ಹೆಣ್ಣು. ಇರಲಿ, ದುಡ್ಡು ಇಟ್ಟುಕೊಳ್ಳುವವಳು ಹೆಣ್ಣೇ ತಾನೇ. ಆದರೆ ಮುಂದಿನ ಪುಟ ನೋಡಿ ಅವಳು ಮೆಶಿನ್ನು ನಿಲ್ಲಿಸಿ ಗಂಡನನ್ನು ಕರೆದಳು.

"ರೀ, ನಿಮ್ಮ ಮೀಸೆ ಹೆಂಗಸಂತೆ."

ಗಂಡ ಮೀಸೆ ಮುಟ್ಟಿ ನೋಡಿಕೊಂಡ. "ಯಾರು ಹೇಳಿದ್ದು?"

"ಪುಸ್ತಕದಲ್ಲಿದೆ. ಗಡ್ಡಾನೂ ಹೆಂಗಸೇ."

"ಹಾಗಾದ್ರೆ ಗಂಡಸರ ಹತ್ರ ಉಳಿದಿದ್ದೇನು?"

"ಬಟನ್ನು," ಎಂದು ಅವಳು ಮತ್ತೆ ಪೆಡಲು ತುಳಿದಳು.

ಇನ್ನೊಂದು ದಿನ 'ಕಲ್' ಎಂಬ ಪದ ಬಂತು. ಅದು ನಿನ್ನೆಯೂ ಹೌದಂತೆ, ನಾಳೆಯೂ ಹೌದಂತೆ. ಇದೇನು ಜನ, ಹೋದದ್ದಕ್ಕೂ ಬರುವುದಕ್ಕೂ ಒಂದೇ ಮಾತೇ ಎಂದು ಅವಳು ತಲೆ ಚಚ್ಚಿಕೊಂಡರೆ ಗಂಡ ಮಾತ್ರ ಬಿದ್ದು ಬಿದ್ದು ನಕ್ಕ. "ದರ್ಜಿಗಳಿಗೆ ಹೇಳಿ ಮಾಡಿಸಿದ ಮಾತು ಕಣೇ! ಬಟ್ಟೆ ಯಾವಾಗ ಕೊಡ್ತೀರಿ ಅಂದ್ರೆ 'ಕಲ್' ಅಂದುಬಿಡು. ಯಾರೂ ನಿನ್ನನ್ನ ಸುಳ್ಳಿ ಅನ್ನೋ ಹಾಗಿಲ್ಲ."

ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇತ್ತು. ಪುಸ್ತಕದ ತುಂಬ ಮರ್ಯಾದೆ. ಬನ್ನಿ, ಕೂತುಕೊಳ್ಳಿ, ಚಹಾ ಕುಡಿಯುತ್ತೀರಾ, ನಿಮ್ಮನ್ನು ನೋಡಿ ಸಂತೋಷವಾಯಿತು. ಮೊಬೈಲಿನವಳೂ ಅದೇ ತಳಿ. ಎಷ್ಟು ಪಾಠ ದಾಟಿದರೂ ಬೈಗುಳದ ಸುದ್ದಿಯೇ ಇಲ್ಲ. ಹಿಂದಿಯಲ್ಲಿ ಏಕವಚನಕ್ಕೆ 'ತೂ' ಎನ್ನುತ್ತಾರೆಂದು ಒಂದು ಮೂಲೆಯಲ್ಲಿ ಬರೆದು, ಹೊಸದಾಗಿ ಕಲಿಯುವವರು ಇದನ್ನು ಬಳಸದಿರುವುದು ಒಳ್ಳೆಯದು ಎಂದು ಬುದ್ಧಿ ಬೇರೆ ಹೇಳಿದ್ದರು.

"ಏಕವಚನ ಇಲ್ಲದ ಜಗಳ ಉಪ್ಪಿಲ್ಲದ ಊಟ," ಎಂದು ಕತ್ತರಿಯಕ್ಕ ಗೊಣಗಿದಳು. ಆದರೂ ಬಿಡಲಿಲ್ಲ. ಬೈಯುವುದಕ್ಕಾದರೂ ಬುಡದಿಂದ ಬರಬೇಕಲ್ಲ.

ಒಂದು ಮಧ್ಯಾಹ್ನ ದೇಹದ ಭಾಗಗಳ ಪಾಠ ಬಂತು. ಮೊಬೈಲಿನವಳು ಹೇಳುತ್ತಾ ಹೋದಳು, ಕತ್ತರಿಯಕ್ಕ ಪರದೆಯ ಅಂಚು ಮಡಚಿ ಹೊಲಿಯುತ್ತಾ ಒಪ್ಪಿಸುತ್ತಾ ಹೋದಳು. ಆಂಖ್ ಎಂದರೆ ಕಣ್ಣು. ಕಾನ್ ಎಂದರೆ ಕಿವಿ. ನಾಕ್ ಎಂದರೆ ಮೂಗು. "ಇರೋದು ಒಂದು, ಕರೆಯೋದು ನಾಕು," ಎಂದು ತನಗೆ ತಾನೇ ನಕ್ಕಳು. ಬಾಲ್ ಎಂದರೆ ಕೂದಲು.

ಪೆಡಲು ನಿಂತಿತು.

ಅವಳು ಪಾಠವನ್ನು ಹಿಂದಕ್ಕೆ ಓಡಿಸಿ ಮತ್ತೆ ಕೇಳಿದಳು. ಪುಸ್ತಕ ತೆಗೆದು ನೋಡಿದಳು. ಅಲ್ಲೂ ಅದೇ. ಜಗಳವಾದ ದಿನ ಆಮೇಲೆ ಸ್ನಾನಕ್ಕೆ ಹೋಗುವಾಗ ಜಡೆ ಬಿಚ್ಚಿದರೆ ಕಿವಿಯ ಮೇಲಿನಿಂದ ಬೆನ್ನಿನವರೆಗೆ ಬಿಳಿ ದಾರವೊಂದು ಜೋತಾಡಿಕೊಂಡಿದ್ದುದು ಅವಳಿಗೆ ಈಗ ನೆನಪಿಗೆ ಬಂತು. ಡಾಕ್ಟರ ಕೋಟು ಹೊಲಿದ ದಾರ. ಇಡೀ ಬೀದಿಯ ಮುಂದೆ ಅದನ್ನು ತಲೆಯಲ್ಲಿ ಇಟ್ಟುಕೊಂಡು ಕೂಗಾಡಿದ್ದಳು. ಪಾಪ, ಆಕೆ ಹೇಳಿದ್ದು ಅದನ್ನು!

ಸಂಜೆ ಗಂಡ ಬಂದಾಗ ಅವಳು ಸಪ್ಪಗಿದ್ದಳು. ವಿಷಯ ತಿಳಿದು ಅವನು ಕೇಳಿದ, "ಹಾಗಾದ್ರೆ ಜಗಳ ರದ್ದಾ?"

"ಯಾಕೆ ರದ್ದು? ನೀರು ಸುರಿದಿದ್ದು ಸುಳ್ಳಾ? ಮೊನ್ನೆ ಮತ್ತೆ ಎರಡು ಕಮೀಜಿನ ಮೇಲೆ ಬಿತ್ತು. ಜಗಳ ಇದೆ," ಎಂದಳು. ಸ್ವಲ್ಪ ಯೋಚಿಸಿ, "ಮುಂಚಿನಷ್ಟು ದೊಡ್ಡದಲ್ಲ, ಅಷ್ಟೇ," ಎಂದಳು.

ಕೋತಿಯ ವಿಷಯ ಬಿಟ್ಟುಹೋದ ಮೇಲೆ ಜಗಳ ಕೂಡಿಟ್ಟುಕೊಳ್ಳುವುದು ಅವಳಿಗೆ ಕಷ್ಟವಾಯಿತು. ಸಿಟ್ಟು ಪೂರ್ತಿ ಆರುವ ಮೊದಲೇ ಮುಗಿಸಿಬಿಡೋಣವೆಂದು, ಮರುದಿನವೇ ಮುಖ ತೊಳೆದು, ತಲೆ ಬಾಚಿ, ಕನ್ನಡಿಯಲ್ಲಿ ಜಡೆ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು ಮೆಟ್ಟಿಲು ಹತ್ತಿದಳು. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು. ನಿಮ್ಮ ನೀರು ನನ್ನ ಬಟ್ಟೆಯ ಮೇಲೆ ಬೀಳುತ್ತದೆ. ಅಷ್ಟೇ.

ಬಾಗಿಲು ತೆರೆಯಿತು. ಮೇಲ್ಮನೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ಆ ಮುಖ ನೋಡಿದ್ದೇ ತಡ, ಬಾಯಿಪಾಠ ಮಾಡಿದ್ದು ಪೂರ್ತಿ ಹಾರಿಹೋಯಿತು. ಉಳಿದದ್ದು ಪುಸ್ತಕದ ಮೊದಲ ಪಾಠ.

"ನಮಸ್ತೇ. ಆಯಿಯೇ, ಆಯಿಯೇ," ಎಂದಳು ಕತ್ತರಿಯಕ್ಕ.

ತನ್ನ ಮನೆಗೆ ತನ್ನನ್ನೇ ಯಾಕೆ ಬನ್ನಿ ಎಂದು ಕರೆಯುತ್ತಿದ್ದಾಳೆ ಎಂದು ತಿಳಿಯದೆ ಆಕೆ ಕಣ್ಣರಳಿಸಿದಳು. ಕತ್ತರಿಯಕ್ಕ ಒಳಗೆ ಹೆಜ್ಜೆಯಿಟ್ಟಳು. ನಿಲ್ಲಿಸಿದರೆ ಇಡೀ ಪಾಠವೇ ಮರೆತುಹೋದೀತೆಂಬ ಭಯ. "ಬೈಠಿಯೇ," ಎಂದು ಕುರ್ಚಿ ತೋರಿಸಿದಳು. ಆಕೆ ಕುಳಿತಳು.

"ಆಪ್ ಕೈಸೀ ಹೈಂ?"

"ಠೀಕ್ ಹೂಂ," ಎಂದಳು ಆಕೆ, ಮೆಲ್ಲಗೆ.

"ಘರ್ ಮೇಂ ಕೌನ್ ಕೌನ್ ಹೈಂ?"

ಮನೆಯಲ್ಲಿ ನಾನು, ನನ್ನ ಮಗಳು ಎಂದಳು ಆಕೆ. ನೀರಿನ ಮಾತು ಇನ್ನೂ ಸಿಕ್ಕಿರಲಿಲ್ಲ. ಪಾಠದ ಕೊನೆಯ ಸಾಲು ಮಾತ್ರ ಸಿಕ್ಕಿತು. "ಕ್ಯಾ ಆಪ್ ಚಾಯ್ ಪಿಯೇಂಗೀ?"

"ಹಾಂ," ಎಂದಳು ಆಕೆ.

ಚಹಾ ಕುಡಿಯುತ್ತೇನೆ ಎಂದವಳು ಕುರ್ಚಿಯಲ್ಲಿ, ಕೊಡುತ್ತೇನೆ ಎಂದವಳು ನಡುಮನೆಯಲ್ಲಿ. ಅಡುಗೆಮನೆ ಯಾವ ಕಡೆಗಿದೆ ಎಂದು ಕತ್ತರಿಯಕ್ಕ ಅತ್ತಿತ್ತ ನೋಡಿದಳು. ಆಕೆ ಕೈ ಚಾಚಿ ತೋರಿಸಿದಳು. ಇಬ್ಬರ ಕಣ್ಣೂ ಸೇರಿದವು. ಮೊದಲು ನಕ್ಕವಳು ಮೇಲ್ಮನೆಯಾಕೆ. ಆಮೇಲೆ ಕತ್ತರಿಯಕ್ಕನೂ ಗೋಡೆ ಹಿಡಿದುಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಚಹಾವನ್ನು ಇಬ್ಬರೂ ಸೇರಿ ಮಾಡಿದರು. ಲೋಟ ಕೈಗೆ ಬಂದ ಮೇಲೆ ಆಕೆಯ ಮಾತಿನ ಕಟ್ಟೆ ಒಡೆಯಿತು. ಹತ್ತರಲ್ಲಿ ಒಂದು ಮಾತು ಕತ್ತರಿಯಕ್ಕನಿಗೆ ತಿಳಿಯುತ್ತಿತ್ತು. "ಧೀರೇ, ಧೀರೇ," ಎಂದು ಕೈಯೆತ್ತಿ ತಡೆಯುತ್ತಿದ್ದಳು. ಆಕೆ ಸ್ವಲ್ಪ ನಿಧಾನಿಸಿ, ಮತ್ತೆ ಓಡುತ್ತಿದ್ದಳು. ಈ ಬೀದಿಗೆ ಬಂದ ಮೇಲೆ ತನ್ನನ್ನು ನೋಡಲೆಂದು ಮೆಟ್ಟಿಲು ಹತ್ತಿ ಬಂದವರು ನೀವೇ ಮೊದಲು ಎಂದು ಆಕೆ ಹೇಳಿದಾಗ ಆ ಒಂದು ಮಾತು ಮಾತ್ರ ಹೇಗೋ ಪೂರ್ತಿ ಅರ್ಥವಾಗಿ ಕತ್ತರಿಯಕ್ಕ ಲೋಟದೊಳಗೆ ನೋಡುತ್ತಾ ಕುಳಿತಳು. ತಾನು ಬಂದದ್ದು ಜಗಳಕ್ಕೆ.

ಆದರೂ ಬಟ್ಟೆ ಬಟ್ಟೆಯೇ. ಎದ್ದು ಬಾಲ್ಕನಿಗೆ ಹೋಗಿ ಕುಂಡದ ಅಡಿ ತೋರಿಸಿದಳು, ಕೆಳಗಿನ ಮೊಳೆ ತೋರಿಸಿದಳು. "ಪಾನೀ. ನೀಚೇ. ಮೇರಾ ಕಪಡಾ," ಎಂದಳು. ಆಕೆ ಬಗ್ಗಿ ನೋಡಿ, ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಅಲ್ಲಿಯವರೆಗೂ ಆಕೆಗೆ ಅದು ಗೊತ್ತೇ ಇರಲಿಲ್ಲ.

"ಉಸ್ ದಿನ್... ಮೈಂ... ಗುಸ್ಸಾ," ಎಂದು ಕತ್ತರಿಯಕ್ಕ ಸಿಟ್ಟಿನ ಮುಖ ಮಾಡಿ, ಕೋಟು ಬೀಸಿದ ಅಭಿನಯ ಮಾಡಿ ತೋರಿಸಿದಳು.

"ಗುಸ್ಸಾ?" ಆಕೆಗೆ ನಂಬಿಕೆಯೇ ಬರಲಿಲ್ಲ. ಕೈಸನ್ನೆ ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಮೇಲಿನಿಂದ ಯಾರದೋ ಕೋಟು ಬಿದ್ದಿದೆ, ನಿಮ್ಮದೇನು ಎಂದು ನೀವು ಕೇಳುತ್ತಿದ್ದೀರಿ ಅಂದುಕೊಂಡೆ. ನಮ್ಮದಲ್ಲ ಎಂದೆ. ಪರರ ಬಟ್ಟೆಗಾಗಿ ಎಷ್ಟು ಕಾಳಜಿ, ಎಷ್ಟು ಹೊತ್ತು ಕೂಗಿ ಕೇಳುತ್ತಿದ್ದಾರೆ, ಒಳ್ಳೆ ಹೆಂಗಸು ಎಂದು ಸಂಜೆ ಮಗಳಿಗೂ ಹೇಳಿದೆ.

ಕತ್ತರಿಯಕ್ಕನ ಜೀವಮಾನದ ಅತ್ಯುತ್ತಮ ಬೈಗುಳಗಳಲ್ಲಿ ಅದೂ ಒಂದು. ಅದು ಉಪಕಾರದ ಲೆಕ್ಕಕ್ಕೆ ಹೋಗಿತ್ತು. ಅವಳಿಗೆ ಒಂದು ಗಳಿಗೆ ನಿಜವಾಗಿಯೂ ಬೇಸರವಾಯಿತು. ಅದನ್ನು ಮೊದಲಿನಿಂದ ಕೊನೆಯವರೆಗೆ, ಅದೇ ಗಂಟಲಲ್ಲಿ, ಅಲ್ಲೇ ನಿಂತು ಇನ್ನೊಂದು ಸಲ ಬೈದು ತೋರಿಸಿದಳು. ಮೇಲ್ಮನೆಯಾಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಚಪ್ಪಾಳೆ ತಟ್ಟಿ, ಇದರ ಅರ್ಥ ಹೇಳು, ಅದರ ಅರ್ಥ ಹೇಳು ಎಂದು ದುಂಬಾಲು ಬಿದ್ದಳು.

ಆ ದಿನವೇ ಇಬ್ಬರೂ ಕುಂಡಗಳನ್ನು ಬಾಲ್ಕನಿಯ ಇನ್ನೊಂದು ತುದಿಗೆ ಎಳೆದು, ಅಡಿಗೆ ಹಳೆ ತಟ್ಟೆಗಳನ್ನು ಇಟ್ಟರು. ಆಮೇಲಿಂದ ಮಧ್ಯಾಹ್ನವಾದರೆ ಮೇಲ್ಮನೆಯಾಕೆ ಕೆಳಗಿಳಿದು ಬಂದು ಅಂಗಡಿಯಲ್ಲಿ ಕೂರುತ್ತಿದ್ದಳು. ಸುಮ್ಮನೆ ಕೂರಲಾರದೆ ಗುಂಡಿ ಹೊಲಿದು ಕೊಡುತ್ತಿದ್ದಳು, ಗುಂಡಿಯ ತೂತಿಗೆ ಕಾಜಾ ಹಾಕುತ್ತಿದ್ದಳು. ಮೊಬೈಲಿನವಳು ಮೂಕಿಯಾದಳು. ಪುಸ್ತಕದಲ್ಲಿ ಇಲ್ಲದ್ದೆಲ್ಲ ಆಕೆಯ ಬಾಯಲ್ಲಿ ಇತ್ತು. ಅತ್ತೆಯನ್ನು ಅಣಕಿಸುವುದು, ತರಕಾರಿಯವನನ್ನು ಗದರಿಸುವುದು, ಬೇಡದ ಅತಿಥಿಯನ್ನು ನಯವಾಗಿ ಎಬ್ಬಿಸುವುದು. ಮರ್ಯಾದೆಯ 'ಆಪ್' ಹೋಗಿ ಸಲಿಗೆಯ 'ತುಮ್' ಬಂತು. ಒಂದು ದಿನ ಕತ್ತರಿಯಕ್ಕ ಸೂಜಿ ಚುಚ್ಚಿಕೊಂಡಾಗ ಆಕೆ ಗಾಬರಿಯಲ್ಲಿ 'ತೂ' ಎಂದಳು. ಕತ್ತರಿಯಕ್ಕನಿಗೆ ಬೆರಳಿನ ನೋವು ಮರೆತೇ ಹೋಯಿತು.

ಕೆಲವು ತಿಂಗಳ ಮೇಲೆ ಗಂಡ ಕೆಲಸ ಮುಗಿಸಿ ಬರುವಾಗ ಅಂಗಡಿಯೊಳಗಿಂದ ಜೋರು ಗಲಾಟೆ ಕೇಳಿಸಿತು. ಕ್ಷೌರದವನು ಹೊರಗೆ ನಿಂತಿದ್ದ.

"ಅಣ್ಣಾ, ಭಾರೀ ಜಗಳ. ಬಿಡಿಸೋಣ್ವಾ?"

ಗಂಡ ಬಾಗಿಲಲ್ಲಿ ಇಣುಕಿದ. ಮೇಲ್ಮನೆಯಾಕೆ ತನ್ನ ಮಗಳಿಗೆಂದು ಹೊಲಿಸಿದ ಹೊಸ ಕೋಟನ್ನು ಇಬ್ಬರು ಹೆಂಗಸರೂ ಒಂದೊಂದು ತೋಳು ಹಿಡಿದುಕೊಂಡು ನಿಂತಿದ್ದರು. ತೋಳು ಗಿಡ್ಡವಾಯಿತು ಎಂದು ಆಕೆ, ಇಲ್ಲವೇ ಇಲ್ಲ ಎಂದು ಇವಳು.

"ತೂ ಅಂಧೀ ಹೈ ಕ್ಯಾ? ಆಸ್ತೀನ್ ಛೋಟಾ ನಹೀಂ ಹೈ!" ಎಂದು ಕತ್ತರಿಯಕ್ಕ ಆಕೆಯನ್ನು ಕುರುಡಿ ಮಾಡಿ ಗುಡುಗಿದಳು.

"ಛೋಟೀ!" ಎಂದಳು ಆಕೆ, ಅಷ್ಟೇ ಜೋರಾಗಿ. ಹಿಂದಿಯಲ್ಲಿ ತೋಳೂ ಹೆಣ್ಣೇ.

"ಛೋಟೀ ನಹೀಂ ಹೈ!" ಎಂದು ತಿದ್ದಿಕೊಂಡು ಕತ್ತರಿಯಕ್ಕ ಜಗಳ ಮುಂದುವರಿಸಿದಳು.

"ಬಿಡೋ, ಆಡ್ಕೊಳ್ಳಲಿ," ಎಂದು ಗಂಡ ಕ್ಷೌರದವನ ಹೆಗಲ ಮೇಲೆ ಕೈ ಹಾಕಿ ಎದುರಿನ ಅಂಗಡಿಯ ಬೆಂಚಿನ ಮೇಲೆ ಹೋಗಿ ಕುಳಿತ.

ಕಡೆಗೆ ಅಳತೆ ಟೇಪು ಹಿಡಿದು ನೋಡಿದಾಗ ತೋಳು ಎರಡು ಬೆರಳು ಗಿಡ್ಡವೇ ಇತ್ತು. ಆಕೆ ಗೆದ್ದ ಮುಖ ಹೊತ್ತು ಮೆಟ್ಟಿಲು ಹತ್ತಿದಳು. ಗಂಡ ಒಳಗೆ ಬಂದಾಗ ಕತ್ತರಿಯಕ್ಕ ಕೋಟಿನ ಹೊಲಿಗೆ ಬಿಚ್ಚುತ್ತಾ ಕುಳಿತಿದ್ದಳು. ಮುಖ ಅರಳಿಕೊಂಡಿತ್ತು.

"ಸೋತೆಯಲ್ಲೇ!"

"ಸೋತರೆ ಸೋತೆ ಬಿಡ್ರೀ," ಎಂದಳು ಅವಳು, ದಾರದ ತುದಿಯನ್ನು ಹಲ್ಲಿನಲ್ಲಿ ಕಡಿಯುತ್ತಾ. "ಅವಳು ಬೈದಿದ್ದು ಒಂದೂ ಬಿಡದೆ ಅರ್ಥ ಆಯ್ತು ಗೊತ್ತಾ?"