ಬಲಗಡೆಯ ಬಂಡೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಯೊಲಾಂಡಾ ಮಲಗಲಿಲ್ಲ. ಮಗಳು ಮಾರಿಸೋಲ್‌ಳನ್ನು ಅಜ್ಜಿಯ ಮನೆಗೆ ಬಿಟ್ಟು ಬಂದು, ಒಲೆ ಹಚ್ಚಿ, ಪಲ್ಯ ತುಂಬಿ ಸುರುಳಿ ಸುತ್ತಿದ ರೊಟ್ಟಿಯ ಬುರಿಟೋಗಳನ್ನು ಒಂದೊಂದಾಗಿ ಬಿಸಿ ಮಾಡಿ ಬೆಳ್ಳಿಕಾಗದದಲ್ಲಿ ಸುತ್ತತೊಡಗಿದಳು. ಎಲ್ಲದರಲ್ಲೂ ಹಸಿಮೆಣಸಿನಕಾಯಿಯ ಗೊಜ್ಜಿತ್ತು, ಒಂದರಲ್ಲಿ ಮಾತ್ರ ಇರಲಿಲ್ಲ. ಗುರುತಿಗೆ ಅದರ ಕಾಗದದ ತುದಿಯನ್ನು ತಿರುಚಿ ಬಿಟ್ಟಳು. ಅದು ವರ್ನ್‌ಗೆ. ಖಾರ ತಿಂದರೆ ಆ ಮುದುಕನ ಹೊಟ್ಟೆ ಉರಿಯುತ್ತದೆ.

ಅಷ್ಟರಲ್ಲಿ ವರ್ನ್‌ನ ಹಳೆಯ ಜೀಪು ಬಾಗಿಲಿಗೆ ಬಂದು ನಿಂತಿತು.

"ನಿದ್ದೆ ಮಾಡಿದ್ಯೇನಮ್ಮ?"

"ಹೂಂ, ಮಾಡ್ದೆ."

"ಕಣ್ಣು ನೋಡಿದ್ರೆ ಗೊತ್ತಾಗುತ್ತೆ ಬಿಡು. ಹತ್ತು. ಬ್ರಶ್ ತಗೊಂಡ್ಯಾ?"

ಅವಳು ಚೀಲದಿಂದ ಬ್ರಶ್ಶನ್ನು ತೆಗೆದು ತೋರಿಸಿದಳು. ಮಾರಿಸೋಲ್ ಕೂಸಾಗಿದ್ದಾಗ ಹಾಲಿನ ಬಾಟಲಿ ತೊಳೆಯುತ್ತಿದ್ದ ಬ್ರಶ್ಶು ಅದು. ಬಂಡೆಗೆ ಕೊರೆದ ತೂತಿನೊಳಗಿನ ಪುಡಿಯನ್ನು ಉಜ್ಜಿ ತೆಗೆಯಲು ಅದಕ್ಕಿಂತ ಒಳ್ಳೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ವರ್ನ್ ಹೇಳಿದ್ದ.

ಹೊರಡುವಾಗ ಅವಳು ಹಿತ್ತಲ ಕಡೆ ಒಮ್ಮೆ ನೋಡಿದಳು. ಟಾರ್ಪಾಲಿನ ಕೆಳಗೆ ಅವಳ ಹಸಿರು ಗಾಡಿ ನಿಂತಿತ್ತು. ಊರೊಳಗೆ ಓಡಾಡಲು ಅದನ್ನು ತೆಗೆಯುತ್ತಿದ್ದಳು, ಬೆಟ್ಟಕ್ಕೆ ಮಾತ್ರ ಅದು ಮತ್ತೆ ಹೋಗಿರಲಿಲ್ಲ.

ಎರಡು ವರ್ಷದ ಹಿಂದೆ ಮಗಳಿಗೆ ಮೀನು ಹಿಡಿಯುವುದನ್ನು ಕಲಿಸುತ್ತೇನೆಂದು ಮೇಲಿನ ಕೆರೆಗೆ ಹೊರಟಿದ್ದಳು. ಫೋನು ಅದನ್ನೊಂದು ರಸ್ತೆ ಎಂದೇ ತೋರಿಸಿತ್ತು. ಆ ರಸ್ತೆಯ ನಡುವೆ ಹೇಸರಗತ್ತೆ ಹಾಸು ಇದೆಯೆಂದು ಫೋನಿಗೇನು ಗೊತ್ತು? ಮನೆಯ ಮಾಡಿನಷ್ಟು ಇಳಿಜಾರಿನ ಒಂದೇ ಬಂಡೆ ಅದು. ಗಣಿಯ ಕಾಲದಲ್ಲಿ ಹೇರು ಹೊತ್ತ ಹೇಸರಗತ್ತೆಗಳು ಇಲ್ಲಿ ಬಂದು ಕಾಲೂರಿ ನಿಂತುಬಿಡುತ್ತಿದ್ದವಂತೆ. ದಾರಿ ಬಂಡೆಯ ಮೇಲೇ ಹತ್ತಿ, ತುದಿಯಲ್ಲಿ ಎಡಕ್ಕೆ ತಿರುಗುತ್ತದೆ. ಬಂಡೆಯೂ ಎಡಕ್ಕೇ ವಾಲಿದೆ. ಎಡ ಅಂಚಿನಲ್ಲಿ ಕಟ್ಟೆಯ ಹಾಗೆ ಗೇಣೆತ್ತರ ಎದ್ದ ಒಂದು ಕಲ್ಲಿನ ಏಣು, ಅದರಾಚೆ ಬರೀ ಗಾಳಿ, ತೀರಾ ಕೆಳಗೆ ಹಳ್ಳ. ಅವಳ ಗಾಡಿ ಅರ್ಧ ಹತ್ತಿ, ಪುಡಿಗಲ್ಲಿನ ಮೇಲೆ ಚಕ್ರ ಸುಮ್ಮನೆ ಸುತ್ತಿ, ಪಕ್ಕಕ್ಕೆ ಜಾರಿ ಜಾರಿ ಆ ಏಣುಗಲ್ಲಿಗೆ ಹೊಟ್ಟೆ ಕೊಟ್ಟು ನಿಂತಿತ್ತು. ಹಿಂದಿನ ಸೀಟಿನಲ್ಲಿ ಮಾರಿಸೋಲ್ ಇದ್ದಳು.

ಆ ಹೊತ್ತಿಗೆ ಮೇಲಿನಿಂದ ಇಳಿದು ಬಂದವನು ವರ್ನ್. ಮೊದಲು ಬಲಗಡೆಯ ಕಿಟಕಿಯಿಂದ ಮಗುವನ್ನು ಎತ್ತಿಕೊಂಡು ದಿಬ್ಬದ ಮೇಲೆ ಕೂರಿಸಿದ, ತನ್ನ ಸ್ಯಾಂಡ್‌ವಿಚ್ಚಿನಲ್ಲಿ ಅರ್ಧ ಮುರಿದು ಕೊಟ್ಟ. ಆಮೇಲೆ ಕೈವಿಂಚನ್ನು ತಂದ. ಹಿಡಿಕೆಯನ್ನು ಹಿಂದೆ ಮುಂದೆ ಜಗ್ಗಿದಷ್ಟೂ ಹಗ್ಗವನ್ನು ಬೆರಳಗಲ ಬೆರಳಗಲ ಎಳೆದುಕೊಳ್ಳುವ ರಾಟೆ ಅದು. ಅದರ ಒಂದು ತುದಿಯನ್ನು ಬಲದಿಬ್ಬದ ಒಂಟಿ ಪೈನ್ ಮರಕ್ಕೆ ಕಟ್ಟಿ, ಇನ್ನೊಂದನ್ನು ಗಾಡಿಗೆ ಸಿಕ್ಕಿಸಿ, ಹೊತ್ತು ಇಳಿಯುವವರೆಗೂ ಒಬ್ಬನೇ ಜಗ್ಗಿದ. ಗಾಡಿ ಬಂಡೆಯ ನಡುವಿಗೆ ಬಂದಾಗ ಅವಳು ಉಪಕಾರವಾಯಿತು ಎಂದೂ ಹೇಳಲಿಲ್ಲ. ಯಾರಿಗೂ ಹೇಳಬೇಡಿ ಎಂದಷ್ಟೇ ಅಂದಳು. ಅಷ್ಟು ನಾಚಿಕೆಯಾಗಿತ್ತು. ಅವನು ಹೇಳಲಿಲ್ಲ.

ಋಣ ತೀರಿಸಲೆಂದೇ ಅವಳು ಮುಂದೆ ಬೆಟ್ಟದ ದಾರಿಗಳನ್ನು ನೋಡಿಕೊಳ್ಳುವ ಅವನ ಜೀಪು ಕ್ಲಬ್ಬಿಗೆ ಸೇರಿದಳು. ಆದರೆ ಮೊದಲ ಸಭೆಯಲ್ಲೇ, ಫೋನು ನಂಬಿ ಕೆರೆಗೆ ಹೊರಟ ಹಸಿರು ಗಾಡಿಯ ಹೆಂಗಸಿನ ಕತೆ ಹೇಳಿಕೊಂಡು ಎಲ್ಲರೂ ನಗುತ್ತಿದ್ದರು. ಕೆಳಗಿನ ತಿರುವಿನಿಂದ ಯಾರೋ ಗಾಡಿಯ ಬಣ್ಣವನ್ನೂ ಒಬ್ಬ ಹೆಂಗಸನ್ನೂ ಕಂಡು, ಉಳಿದದ್ದನ್ನು ಊಹಿಸಿಕೊಂಡಿದ್ದರು; ಹಸಿರು ಗಾಡಿಗಳೇನೋ ಊರಲ್ಲಿ ಬೇಕಾದಷ್ಟಿದ್ದವು. ಅವಳೂ ಅವರ ಜೊತೆ ನಕ್ಕಳು. ಒಮ್ಮೆ ನಕ್ಕ ಮೇಲೆ ಅದು ನಾನೇ ಎನ್ನುವುದು ಇನ್ನೂ ಕಷ್ಟವಾಯಿತು. ಅಂದಿನಿಂದ ಪ್ರತಿ ಕೆಲಸದ ದಿನವೂ ಬುರಿಟೋ ತರುತ್ತಾಳೆ.

ಅವರು ಮೇಲೆ ತಲುಪುವಾಗ ಆಸ್ಪೆನ್ ಮರಗಳ ಎಲೆಗಳೆಲ್ಲ ಹಳದಿಯಾಗಿ ಬಿಸಿಲಿಗೆ ನಡುಗುತ್ತಿದ್ದವು. ಕ್ಲಬ್ಬಿನ ಮುಖಂಡ ಡ್ವೇನ್ ಆಗಲೇ ತನ್ನ ಕೆಂಪು ಜೀಪಿನಿಂದ ಜನರೇಟರ್ ಇಳಿಸಿದ್ದ. ಟೈರ್ ಅಂಗಡಿಯ ಲೈಲ್ ಪೈನ್ ಮರದ ಬುಡದಲ್ಲಿ ಕೂತಿದ್ದ. ವರ್ಷಾನುಗಟ್ಟಲೆ ಹಗ್ಗ ಉಜ್ಜಿ ಮರದ ಸೊಂಟದಲ್ಲಿ ತೊಗಟೆಯೇ ಇರಲಿಲ್ಲ. ಹಿಂಭಾಗದಲ್ಲಿ ಅಂಗೈ ಅಗಲದ ಪಟ್ಟಿಯೊಂದು ಉಳಿದಿತ್ತು, ಮರ ಅದರಲ್ಲೇ ಜೀವ ಹಿಡಿದುಕೊಂಡಿತ್ತು. ಇನ್ನೊಂದು ಸಲ ಇದಕ್ಕೆ ಹಗ್ಗ ಬಿದ್ದರೆ ದಾರಿಗೆ ಗೇಟು ಹಾಕುತ್ತೇವೆ ಎಂದು ಅರಣ್ಯ ಇಲಾಖೆಯವರು ಹೇಳಿದ್ದರು. ಬದಲಿಗೆ ಹಗ್ಗ ಕಟ್ಟಲು ಒಂದೇ ಒಂದು ಬೋಲ್ಟಿಗೆ ಒಪ್ಪಿಗೆ ಕೊಟ್ಟಿದ್ದರು. ಬಳೆಯಂಥ ತಲೆಯ, ಹೆಬ್ಬೆರಳು ದಪ್ಪದ ಉಕ್ಕಿನ ಬೋಲ್ಟು. ಬಂಡೆ ಕೊರೆದು ಅಂಟು ತುಂಬಿ ಕೂರಿಸಿದರೆ ಮತ್ತೆ ಕೀಳುವ ಮಾತಿಲ್ಲ.

ಡ್ವೇನ್ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದು ಎಡತಿರುವಿನ ದೊಡ್ಡ ಬಂಡೆಗೆ. ಸುತ್ತಿಗೆಯಲ್ಲಿ ಬಡಿದು ತೋರಿಸಿದ. ಗಂಟೆಯ ಹಾಗೆ ಗಣಗಣ ಎಂದಿತು.

"ಕೇಳಿದ್ರಾ? ಒಂದು ಬಿರುಕಿಲ್ಲ. ದಾರಿ ನೇರಕ್ಕೇ ಇದೆ. ಗಾಡಿ ಸಿಕ್ಕಿಕೊಂಡ ಜಾಗದಿಂದ ಹಗ್ಗ ಸೀದಾ ಹೋಗುತ್ತೆ."

"ನೇರಕ್ಕೆ ಹತ್ತೋನಿಗೆ ಸರಿ ಕಣಯ್ಯ. ಎಡಕ್ಕೆ ಜಾರಿದೋನ ಗತಿ?" ಎಂದ ವರ್ನ್.

"ಯಾರು ಜಾರ್ತಾರೆ ಇಲ್ಲಿ? ನಮ್ಮಲ್ಲಿ ಯಾರಾದ್ರೂ ಜಾರಿದ್ದು ಉಂಟಾ?"

ಎಲ್ಲರೂ ತಂತಮ್ಮ ಬೂಟು ನೋಡಿಕೊಂಡರು.

"ಹಸಿರು ಗಾಡಿ ಮಹಾತಾಯಿ ಒಬ್ಬಳು ಜಾರಿದ್ಲಲ್ಲ," ಎಂದ ಲೈಲ್. ನಗೆ ಎದ್ದಿತು.

"ಫೋನು ಹೇಳ್ದಂಗೆ ಬರೋರಿಗೆಲ್ಲ ಬೋಲ್ಟು ಹಾಕ್ಕೊಂಡು ಕೂರಕ್ಕಾಗುತ್ತೇನೋ," ಎನ್ನುತ್ತ ಡ್ವೇನ್ ಡ್ರಿಲ್ಲು ಎತ್ತಿಕೊಂಡ.

ವರ್ನ್ ಜನರೇಟರಿನ ತಂತಿಯ ಸಿಕ್ಕು ಬಿಡಿಸತೊಡಗಿದ. ಯೊಲಾಂಡಾ ಕಡೆ ನೋಡಲೂ ಇಲ್ಲ. ಮಾತು ಕೊಟ್ಟಿದ್ದ, ಅದನ್ನು ಕಾಪಾಡುತ್ತಿದ್ದ, ಅಷ್ಟೆ.

ಅವಳ ಕಣ್ಣಿಗೆ ಮಾತ್ರ ಮುಂದಿನದೆಲ್ಲ ಕಂಡುಬಿಟ್ಟಿತು. ಇನ್ನೊಬ್ಬಳು ಬರುತ್ತಾಳೆ, ಅದೇ ಏಣುಗಲ್ಲಿಗೆ ಜಾರುತ್ತಾಳೆ. ಎಡಬಂಡೆಯಿಂದ ಎಳೆದರೆ ಗಾಡಿ ಅಂಚಿನಗುಂಟ ಗಾಳಿಯ ಕಡೆಗೇ ಹೋಗುತ್ತದೆ. ಗೊತ್ತಿದ್ದವನಾದರೆ ಮತ್ತೆ ಪೈನ್ ಮರಕ್ಕೆ ಕಟ್ಟುತ್ತಾನೆ, ಮರ ಸಾಯುತ್ತದೆ, ಗೇಟು ಬೀಳುತ್ತದೆ. ಗೊತ್ತಿಲ್ಲದವನಾದರೆ ಹೊಸ ಬೋಲ್ಟು ಇದೆಯಲ್ಲ ಎಂದು ಅದಕ್ಕೇ ಕಟ್ಟುತ್ತಾನೆ. ಹಿಂದಿನ ಸೀಟಿನಲ್ಲಿ ಯಾರ ಮಗು ಇರುತ್ತದೋ.

ಡ್ರಿಲ್ಲು ಗುರ್ರೆಂದಿತು.

"ಡ್ವೇನ್, ನಿಲ್ಸಿ ಸ್ವಲ್ಪ."

"ಯಾಕೆ, ಊಟಕ್ಕೆ ಕರೀತಿದೀಯಾ?"

"ಆ ಹಸಿರು ಗಾಡಿ ನನ್ನದು."

ಡ್ರಿಲ್ಲು ನಿಂತಿತು. ಕೆಳಗಿನ ಹಳ್ಳದ ಸದ್ದು ಕೇಳತೊಡಗಿತು. ಯೊಲಾಂಡಾ ಯಾರ ಮುಖವನ್ನೂ ನೋಡದೆ ಬಂಡೆಯ ಮೇಲೆ ಎಡ ಅಂಚಿನವರೆಗೂ ಇಳಿದು ಹೋದಳು. ಏಣಿನ ಪಕ್ಕ ಮೊಣಕಾಲೂರಿ ಕೂತಳು.

"ಗಾಡಿ ಇಲ್ಲಿಗೆ ಬಂದು ನಿಂತಿತ್ತು. ನನ್ನ ಮಗಳು ಒಳಗಿದ್ದಳು. ಎಡಗಡೆಯಿಂದ ಎಳೆದಿದ್ರೆ ನಾವಿಬ್ರೂ ಇವತ್ತು ಇರ್ತಿರಲಿಲ್ಲ. ಬೇಕಾದ್ರೆ ಬಂದು ನೋಡಿ, ಬಣ್ಣ ಇನ್ನೂ ಇದೆ."

ಚೀಲದಿಂದ ಬಾಟಲಿ ಬ್ರಶ್ಶು ತೆಗೆದು ಕಲ್ಲಿನ ಮೇಲಿನ ಮರಳನ್ನು ಉಜ್ಜಿದಳು. ಹಸಿರು ಗೀರೊಂದು ಎದ್ದು ಬಂತು. ಇನ್ನೊಂದಿಷ್ಟು ಉಜ್ಜಿದಳು. ಅದರ ಪಕ್ಕದಲ್ಲೊಂದು ಕೆಂಪು ಗೀರು. ಕೆಂಪಿನ ಮೇಲೆ ಇನ್ನೊಂದು ಕೆಂಪು. ಅದರಾಚೆ ಬಿಳಿ.

ಎಲ್ಲರೂ ಇಳಿದು ಬಂದು ಬಗ್ಗಿ ನೋಡಿದರು. ಲೈಲ್ ಗಲ್ಲ ಕೆರೆದುಕೊಂಡ.

"ಈ ಕೆಂಪನ್ನ ಎಲ್ಲೋ ನೋಡಿದಂಗಿದೆ ಡ್ವೇನ್."

"ಬಿಳೀದೂ ಇದೆ. ಮುಚ್ಕೊಂಡಿರು."

"ನಂದು ಬಿಳಿ ಅಲ್ಲ, ಕೆನೆಬಣ್ಣ."

"ಕೆನೆ ಎಲ್ಲ ಬಂಡೆ ಮೇಲೇ ಇದೆಯಲ್ಲ."

"ನಾನಂತೂ ಯಾರ ಹತ್ರಾನೂ ಏನೂ ಹೇಳಿಲ್ಲ," ಎಂದ ವರ್ನ್, ಹಳ್ಳದ ಕಡೆ ನೋಡುತ್ತ. ಆಗ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಅವರಲ್ಲಿ ಒಬ್ಬೊಬ್ಬರನ್ನೂ ಒಂದೊಂದು ದಿನ ಇದೇ ಏಣಿನಿಂದ ಎಳೆದು ತೆಗೆದವನು ಈ ಮುದುಕ. ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳಿದವನಲ್ಲ. ಮೊದಲು ನಕ್ಕವನು ಡ್ವೇನ್. ಕೆಂಪೇರಿದ ಮುಖದಲ್ಲೇ ನಕ್ಕ.

"ಎರಡು ಸಲ ಕಣಮ್ಮ ನಾನು," ಎಂದು ಯೊಲಾಂಡಾಗೆ ಹೇಳಿದ. "ನೀನು ಹೊಸಬಳು, ಜಾರಿದೆ. ನಂಗೇನು ಬಂದಿತ್ತು ದಾಡಿ? ಬಾ, ಎಲ್ಲಿ ಕೊರೀಬೇಕು ತೋರ್ಸು."

ಪೈನ್ ಮರದ ಹಿಂದೆ, ದಿಬ್ಬದೊಳಗಿಂದ ಮೊಣಕಾಲೆತ್ತರ ಎದ್ದ ಒಂದು ಕಪ್ಪು ಬಂಡೆ ಇತ್ತು. ನೋಡಲು ಏನೂ ಅಲ್ಲ. ಡ್ವೇನ್ ಬಡಿದ. ಗಂಟೆಯ ಸದ್ದು ಬರಲಿಲ್ಲ, ಆದರೆ ಪೊಳ್ಳು ಸದ್ದೂ ಅಲ್ಲ. ನೆಲದ ಆಳದಿಂದ ಬಂದಂಥ ಗಟ್ಟಿ ಸದ್ದು. ಬುಡದ ಮಣ್ಣು ಅಗೆದು ನೋಡಿದರು. ಅಗೆದಷ್ಟೂ ಬಂಡೆ ಅಗಲವಾಗುತ್ತಲೇ ಹೋಯಿತು.

"ಇದು ಬೆಟ್ಟದ್ದೇ ಹಲ್ಲು," ಎಂದ ವರ್ನ್. "ಕೊರಿ."

ಡ್ವೇನ್ ಕೊರೆದ. ಯೊಲಾಂಡಾ ತೂತಿಗೆ ಬ್ರಶ್ಶು ಇಳಿಸಿ ತಿರುವಿದಳು, ಲೈಲ್ ಸೈಕಲ್ ಪಂಪಿನಿಂದ ಗಾಳಿ ಹೊಡೆದ. ಪುಡಿಯೆಲ್ಲ ಅವನ ಮುಖಕ್ಕೇ ಹಾರಿತು. ಮತ್ತೆ ಬ್ರಶ್ಶು, ಮತ್ತೆ ಗಾಳಿ. ತೂತಿನಲ್ಲಿ ಚೂರು ಪುಡಿ ಉಳಿದರೂ ಅಂಟು ಕಲ್ಲನ್ನು ಹಿಡಿಯದೆ ಪುಡಿಯನ್ನೇ ಹಿಡಿಯುತ್ತದೆ. ಬ್ರಶ್ಶು ಚೊಕ್ಕಟವಾಗಿ ಹೊರಬರುವವರೆಗೂ ಅವಳು ಬಿಡಲಿಲ್ಲ.

"ಪಾಪುವಿನ ಬಾಟಲಿ ತೊಳ್ದಂಗೇ ತೊಳೀತಾಳೆ ನೋಡು," ಎಂದ ಲೈಲ್, ಬಿಳಿ ಹುಬ್ಬಿನಡಿಯಿಂದ.

ಅಂಟು ತುಂಬಿ ವರ್ನ್ ಬೋಲ್ಟನ್ನು ನಿಧಾನವಾಗಿ ತಿರುವುತ್ತ ಒಳಗೆ ಕೂರಿಸಿದ. ತೂತಿನ ಬಾಯಿಯ ಸುತ್ತ ಬೂದುಬಣ್ಣದ ಅಂಟು ಉಕ್ಕಿ ನಿಂತಿತು. ಮುಂದಿನ ಭಾನುವಾರದವರೆಗೆ ಯಾರೂ ಮುಟ್ಟಬಾರದೆಂದು ಡ್ವೇನ್ ಅದರ ಮೇಲೊಂದು ಬಕೆಟ್ ಕವುಚಿದ. ಬುರಿಟೋ ಹಂಚುವಾಗ ಯಾರೂ ಹಸಿರು ಗಾಡಿಯ ಮಾತೆತ್ತಲಿಲ್ಲ. ಲೈಲ್ ಎರಡು ತಿಂದ.

ಭಾನುವಾರ ಬೋಲ್ಟಿನ ಪರೀಕ್ಷೆ. ಯಾರಾದರೂ ಬೇಕೆಂದೇ ಗಾಡಿಯನ್ನು ಏಣುಗಲ್ಲಿಗೆ ಜಾರಿಸಿ ನಿಲ್ಲಿಸಬೇಕಾಗಿತ್ತು. ಡ್ವೇನ್ ಲೈಲ್‌ನನ್ನು ನೋಡಿದ, ಲೈಲ್ ಆಕಾಶ ನೋಡಿದ. ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಹಸಿರು ಗಾಡಿಯೊಂದು ಮೊದಲ ಗೇರಿನಲ್ಲಿ ಮೆಲ್ಲಗೆ ಹತ್ತಿ ಬಂತು.

ಯೊಲಾಂಡಾ ಹಾಸಿನ ಕೆಳಗೆ ನಿಲ್ಲಿಸಿ ಮಗಳನ್ನು ಇಳಿಸಿದಳು. ಮಾರಿಸೋಲ್ ಓಡಿ ಹೋಗಿ ವರ್ನ್ ಪಕ್ಕದಲ್ಲಿ, ಅಂದು ಕೂತಿದ್ದ ದಿಬ್ಬದ ಮೇಲೇ ಕೂತಳು.

"ತಾತ, ಸ್ಯಾಂಡ್‌ವಿಚ್ ತಂದಿದೀರಾ?"

"ತರದೇ ಇರ್ತೀನಾ?"

ಯೊಲಾಂಡಾ ಮತ್ತೆ ಸ್ಟಿಯರಿಂಗ್ ಹಿಡಿದಳು. ಹೊಸ ಬೋಲ್ಟಿನಿಂದ ಹಗ್ಗ ಮೊದಲೇ ಗಾಡಿಗೆ ಸಿಕ್ಕಿಸಿದ್ದರು. ತುಂಡಾದರೆ ಹಾರಿ ಬಡಿಯದಿರಲಿ ಎಂದು ಅದರ ಮೇಲೊಂದು ದಪ್ಪ ಕಂಬಳಿ ಹೊದಿಸಿದ್ದರು. ಅರ್ಧ ಹತ್ತಿದಳು. ಪುಡಿಗಲ್ಲಿನ ಮೇಲೆ ಚಕ್ರ ಸುತ್ತಿತು. ಗಾಡಿ ಪಕ್ಕಕ್ಕೆ ಜಾರಿತು, ಏಣುಗಲ್ಲಿಗೆ ತಾಗಿ ನಿಂತಿತು. ಅದೇ ಸದ್ದು. ಎಡಗಡೆಯ ಕಿಟಕಿಯಲ್ಲಿ ಅದೇ ಗಾಳಿ.

"ಬ್ರೇಕ್ ಬಿಡು," ವರ್ನ್ ಕೂಗಿ ಹೇಳಿದ. "ನಾವಿದೀವಿ."

ಬಿಟ್ಟಳು. ಡ್ವೇನ್ ಕೈವಿಂಚಿನ ಹಿಡಿಕೆ ಜಗ್ಗಿದ. ಹಗ್ಗ ಬಿಗಿಯಿತು, ಕಂಬಳಿ ಒಮ್ಮೆ ನಡುಗಿತು. ಗಾಡಿಯ ಮೂತಿ ಬಲಕ್ಕೆ ಹೊರಳಿತು, ಕಲ್ಲಿನಿಂದ ಹೊಟ್ಟೆ ಬಿಡಿಸಿಕೊಂಡು ಬೆರಳಗಲ ಬೆರಳಗಲವಾಗಿ ಬಂಡೆಯ ನಡುವಿಗೆ ಬಂತು. ಸೋತ ಡ್ವೇನ್ ಹಿಡಿಕೆಯನ್ನು ಲೈಲ್‌ಗೆ ಕೊಟ್ಟ.

"ಇದನ್ನ ಒಬ್ರೇ ಹೆಂಗೆ ಜಗ್ಗಿದ್ರಿ ವರ್ನ್? ಅದೂ ನಮ್ಮೆಲ್ಲರನ್ನ?" ಎಂದು ಬೆನ್ನು ಹಿಡಿದುಕೊಂಡ.

ಬೋಲ್ಟು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಪೈನ್ ಮರ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು, ಮೈಮೇಲೆ ಯಾವ ಹಗ್ಗವೂ ಇಲ್ಲದೆ.

ಗಾಡಿಯನ್ನು ಮೇಲೆ ನಿಲ್ಲಿಸಿ ಯೊಲಾಂಡಾ ಇಳಿದು ಬಂದಳು. ವರ್ನ್ ಹಗ್ಗ ಸುತ್ತುತ್ತಿದ್ದ. ಅವನೆದುರು ನಿಂತಳು.

"ಅವತ್ತು ಹೇಳಕ್ಕಾಗಲಿಲ್ಲ ವರ್ನ್. ನಿಮ್ಮಿಂದ ನನ್ನ ಮಗಳು ಉಳಿದಳು. ತುಂಬಾ ಉಪಕಾರ ಆಯ್ತು."

"ಎರಡು ವರ್ಷದಿಂದ ಖಾರ ಇಲ್ದೆ ಇರೋ ಬುರಿಟೋ ತಿಂತಾ ಇದೀನಿ," ಎಂದ ಮುದುಕ. "ನಂಗೇನು ಅರ್ಥ ಆಗಿಲ್ಲ ಅಂದ್ಕೊಂಡ್ಯಾ? ತಗೋ, ಈ ತುದಿ ಹಿಡ್ಕೋ. ಸಿಕ್ಕಾಗ್ತಿದೆ."

ಅವಳು ಹಗ್ಗದ ತುದಿ ಹಿಡಿದುಕೊಂಡಳು. ಮಾರಿಸೋಲ್ ನಡುವೆ ಬಂದು ನಿಂತು, ಕೈಗೆ ಮೆತ್ತಿದ ಸ್ಯಾಂಡ್‌ವಿಚ್ಚಿನ ಮಯೊನೇಸನ್ನು ತಾತನ ಅಂಗಿಗೆ ಒರೆಸಿ, ಕೆರೆ ಇನ್ನೂ ಎಷ್ಟು ದೂರ ಎಂದು ಕೇಳಿದಳು.