ಗೆರೆ ಎಳೆಯದ ರೂಲುದೊಣ್ಣೆ

ಒಂದಾನೊಂದು ಕಾಲದಲ್ಲಿ ಒಂದು ಕಾಡು, ಕಾಡಿನ ನಡುವೆ ಒಂದು ಬೀಟೆ ಮರ. ತುದಿಯಲ್ಲಿ ಗಿಳಿಯ ಗೂಡು, ಬುಡದಲ್ಲಿ ಹಾವಿನ ಹುತ್ತ. ಅಜ್ಜಿಯರ ಕತೆಯಲ್ಲಾದರೆ ಆ ಮರ ಎರಡಾಗಿ ಸೀಳಿ ಒಳಗಿಂದ ರಾಜಕುಮಾರಿ ಬರಬೇಕಿತ್ತು. ನನ್ನ ಕತೆಯಲ್ಲೂ ಮರ ಸೀಳಿತು, ಆದರೆ ಕೊಡಲಿಯಿಂದ. ಒಳಗಿಂದ ಬಂದದ್ದು ನಾನು.

ನಾನು ಒಂದು ರೂಲುದೊಣ್ಣೆ. ಮೊಳಕ್ಕಿಂತ ತುಸು ಗಿಡ್ಡ, ಹೆಬ್ಬೆರಳಿನ ದಪ್ಪ, ಮೈಯೆಲ್ಲ ಕಪ್ಪು. ಈಗಿನ ಮಕ್ಕಳಿಗೆ ಚಪ್ಪಟೆ ಪಟ್ಟಿಗಳಷ್ಟೇ ಗೊತ್ತು. ನಮ್ಮ ಕುಲ ದುಂಡಗಿನದು. ಕಾಗದದ ಮೇಲೆ ನಮ್ಮನ್ನು ಉರುಳಿಸುತ್ತ, ಬೆನ್ನಿಗೆ ಪೆನ್ಸಿಲ್ ಆನಿಸಿ ಎಳೆಯುತ್ತ ಹೋದರೆ ಗೆರೆಗಳು ಅಕ್ಕತಂಗಿಯರ ಹಾಗೆ ಸಮನಾಗಿ ಸಾಲುಗಟ್ಟುತ್ತವೆ.

ನನ್ನ ಹುಟ್ಟು ಸುಖದ್ದಲ್ಲ. ಗರಗಸ ನನ್ನನ್ನು ತಾಯಿಮರದಿಂದ ಕತ್ತರಿಸಿತು. ತಿರುಗುವ ಚಕ್ರಕ್ಕೆ ಎರಡೂ ತುದಿಯಿಂದ ನನ್ನನ್ನು ಮೊಳೆಯಲ್ಲಿ ಚುಚ್ಚಿ ನಿಲ್ಲಿಸಿದರು. ಉಳಿ ನನ್ನ ಮೂಲೆಗಳನ್ನೆಲ್ಲ ತಿಂದಿತು. ಕೊನೆಗೆ ಕಾದ ಅರಗು ಮೈಮೇಲೆ ಬಿತ್ತು. ಇಷ್ಟೆಲ್ಲ ಮಾಡಿದ ಕಡೆಚಲುಗಾರ ಮೌಲಾಸಾಬ ನನ್ನನ್ನು ಬಟ್ಟೆಯಿಂದ ಒರೆಸುತ್ತ, ಮಗುವಿನ ಜೊತೆ ಮಾತಾಡುವವನಂತೆ ಹೇಳಿದ: "ನೋಡಪಾ, ಹುಟ್ಟಿದ್ದಕ್ಕ ಒಂದ ಕೆಲಸ ನಿಂದು. ಗೆರಿ ಎಳಿಯೂದು. ಯಾವುದರೆ ಒಂದು ಕೂಸು ಆ ಗೆರಿ ಮ್ಯಾಲ ತನ್ನ ಮಾತು ತಾನ ಬರೀಬೇಕು. ಅಲ್ಲೀತನಕ ಮುರೀಬ್ಯಾಡ."

ಆಗಲಿ ಎಂದೆ. ಮರದ ದನಿ ಮನುಷ್ಯರಿಗೆ ಕೇಳಿಸುವುದಿಲ್ಲ, ಆದರೂ ಕೊಟ್ಟ ಮಾತು ಕೊಟ್ಟ ಮಾತೇ.

ನನ್ನನ್ನು ಕೊಂಡವರು ಗುರುಪಾದಪ್ಪ ಮಾಸ್ತರರು. ಆಗಿನ್ನೂ ಅವರಿಗೆ ಎಳೆ ಮೀಸೆ, ಹೊಸ ನೌಕರಿ. ಗೆರೆ ಎಳೆಯುತ್ತಾರೆ ಎಂದು ನಾನು ಕನಸು ಕಾಣುತ್ತಿರುವಾಗಲೇ ಮೊದಲ ದಿನ ಒಬ್ಬ ಹುಡುಗನ ಗೆಣ್ಣುಗಳ ಮೇಲೆ ಬಿದ್ದೆ. ಕಾಗುಣಿತ ತಪ್ಪಿದರೆ ಗೆಣ್ಣು, ಪದ್ಯ ಮರೆತರೆ ಮೊಣಕೈ, ಎದುರುತ್ತರ ಕೊಟ್ಟರೆ ಬೆನ್ನು. ಆ ಸಾಲೆಯಲ್ಲೊಂದು ಪದ್ಧತಿ ಇತ್ತು. ಹೊಡೆಸಿಕೊಂಡವರು ನನ್ನನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ತಮ್ಮ ಜಾಗಕ್ಕೆ ಹೋಗಬೇಕು. ವಿದ್ಯೆ ಕೊಟ್ಟ ಕೋಲಿಗೆ ಅದು ನಮಸ್ಕಾರ. ಹಾಗಾಗಿ ನನ್ನ ಮೈಗೆ ಅಂಟಿದ್ದು ರಕ್ತಕ್ಕಿಂತ ಹೆಚ್ಚಾಗಿ ಕಣ್ಣೀರಿನ ಉಪ್ಪು.

ಒಮ್ಮೆ ಒಬ್ಬ ಹುಡುಗ ನನ್ನನ್ನು ಕದ್ದು ಸಾಲೆಯ ಹಿಂದಿನ ಬಾವಿಗೆ ಎಸೆದ. ನೀರಿನ ತಂಪಿನಲ್ಲಿ ತೇಲುತ್ತ, ಇಲ್ಲೇ ಕೊಳೆತುಹೋದರೂ ಚಿಂತೆಯಿಲ್ಲ ಅಂದುಕೊಂಡೆ. ಮಾಸ್ತರರು ಬಿಡಲಿಲ್ಲ. ಆ ಹುಡುಗನ ಸೊಂಟಕ್ಕೇ ಹಗ್ಗ ಕಟ್ಟಿ ಬಾವಿಗೆ ಇಳಿಸಿದರು. ಅವನು ನನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೇಲೆ ಬಂದ. ಬಂದವನಿಗೆ ಬಿದ್ದ ಏಟುಗಳು ನೀರು ಕುಡಿದ ನನ್ನ ಭಾರದ ಏಟುಗಳು. ಅವನ ಹಲ್ಲಿನ ಗುರುತು ಇನ್ನೂ ನನ್ನ ಮೈಮೇಲಿದೆ.

ಮಾಸ್ತರರ ಮಗ ಸಿದ್ರಾಮ ಅದೇ ಸಾಲೆಯಲ್ಲಿ ಅವರ ಕೈಕೆಳಗೇ ಕಲಿತ. ಮಗನೆಂದು ಸಲಿಗೆ ಕೊಟ್ಟರು ಎಂದು ಯಾರೂ ಅನ್ನಬಾರದಲ್ಲ, ಅವನಿಗೆ ಉಳಿದವರಿಗಿಂತ ಜೋರಾಗಿಯೇ ಬೀಳುತ್ತಿತ್ತು. ಒಂದು ದಿನ ನನ್ನ ಕೆಳಗೆ ಕಡ್ಡಿ ಮುರಿದಂಥ ಸದ್ದಾಯಿತು. ಅವನ ಕಿರುಬೆರಳು. ಹುಡುಗ ಕೂಗಲಿಲ್ಲ. ನನ್ನನ್ನು ಕಣ್ಣಿಗೆ ಒತ್ತಿಕೊಂಡು ಹೋಗಿ ಕೂತ. ಬೆರಳು ಸೊಟ್ಟಗೆ ಕೂಡಿಕೊಂಡಿತು. ಸಿದ್ರಾಮ ತಂದೆಯ ಎದುರು ತಲೆಯೆತ್ತಿ ಮಾತಾಡುವುದನ್ನು ಆಮೇಲೆ ನಾನು ನೋಡಲಿಲ್ಲ.

ಮಾಸ್ತರರು ನಿವೃತ್ತರಾದ ಮೇಲೆ ನಾವೆಲ್ಲ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದೆವು. ಸಿದ್ರಾಮನಿಗೆ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ನನಗೆ ನಡುಮನೆಯ ಗೋಡೆಯಲ್ಲೊಂದು ಮೊಳೆ. ಮಾಸ್ತರರ ಹೆಂಡತಿ ನಿಂಗವ್ವ ಆಗಾಗ ನನ್ನನ್ನು ಇಳಿಸಿ ಚೇಳು ಕೊಲ್ಲುತ್ತಿದ್ದಳು, ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದಳು. ಸಂಜೆ ಅಕ್ಕಿ ಆರಿಸುತ್ತ ಮೊಮ್ಮಕ್ಕಳಾದ ಮುಕ್ತಾ ಮತ್ತು ಶಂಭುವಿಗೆ ಕತೆ ಹೇಳುತ್ತಿದ್ದಳು. ಅವಳ ಕತೆಗಳಲ್ಲಿ ರಕ್ಕಸರ ತಲೆಗಳು ಕುಂಬಳಕಾಯಿಯಂತೆ ಉರುಳುತ್ತಿದ್ದವು. ಮುಕ್ತಾ ಕೇಳಿಸಿಕೊಂಡದ್ದನ್ನು ಮಾರನೆಯ ದಿನ ತಮ್ಮನಿಗೆ ಇನ್ನೂ ಎರಡು ತಲೆ ಸೇರಿಸಿ ಹೇಳುತ್ತಿದ್ದಳು. ಗೋಡೆಯ ಮೇಲೆ ತೂಗಾಡುತ್ತ ನಾನೂ ಕೇಳುತ್ತಿದ್ದೆ. ಸುಖವೆಂದರೆ ಆ ದಿನಗಳೇ.

ಒಂದು ಮಧ್ಯಾಹ್ನ ಮುಕ್ತಾ ಸಾಲೆಯಿಂದ ಬಲಗೈಗೆ ಕರವಸ್ತ್ರ ಸುತ್ತಿಕೊಂಡು ಬಂದಳು. ಪಾಠದ ಪ್ರಶ್ನೆಗೆ ಹಲಗೆಯ ಮೇಲಿದ್ದ ಉತ್ತರ ಬಿಟ್ಟು ತನ್ನ ಮಾತಿನಲ್ಲಿ ಬರೆದಿದ್ದಳಂತೆ. ಚಪ್ಪಟೆ ಪಟ್ಟಿಯ ಅಂಚಿನಿಂದ ಹೊಡೆದಿದ್ದರು. ಎರಡು ಉಗುರು ನೀಲಿಯಾಗಿದ್ದವು, ಗೆಣ್ಣಿನ ಚರ್ಮ ಬಾಯಿ ತೆರೆದಿತ್ತು. ಗಾಯ ಮಾಯಿತು. ಆದರೆ ಮುಕ್ತಾ ಪೆನ್ಸಿಲ್ ಮುಟ್ಟುವುದನ್ನು ಬಿಟ್ಟಳು. ಪುಸ್ತಕ ಬಿಚ್ಚಿದರೆ ಸಾಕು, ಏಟು ಬೀಳುವುದೇ ಖಾತ್ರಿ ಎನ್ನುವ ಹಾಗೆ ಕಣ್ಣು ಬಿಗಿಯಾಗಿ ಮುಚ್ಚುತ್ತಿದ್ದಳು.

"ಇನ್ನ ಆಕಿ ಸಾಲಿಗೆ ಹೋಗೂದಿಲ್ಲ. ಮನ್ಯಾಗ ನಾನ ಕಲಸ್ತೀನಿ," ಅಂದಳು ಅವಳ ತಾಯಿ ನೀಲಾಂಬಿಕಾ.

"ಮನ್ಯಾಗ ಏನು ಕಲಸ್ತೀ? ಉಪ್ಪಿಟ್ಟೇನು?" ಮಾಸ್ತರರು ನಕ್ಕರು. ಸೊಸೆ ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿದರು. "ಆತು. ಮಾನವಮಿ ದಿನ ಪುಸ್ತಕದ ಪೂಜಾದಾಗ ಎಲ್ಲಾರ ಮುಂದ ಒಂದು ಪುಟ ಓದ್ಲಿ. ಓದಲಿಲ್ಲಂದ್ರ ನನ್ನ ಶಿಷ್ಯಾನ ಹಾಸ್ಟೆಲ್ ಸಾಲಿ ಐತಿ. ಅಲ್ಲೆ ಕಲ್ಲೂ ಓದ್ತಾವ."

ಸಿದ್ರಾಮ ನೆಲ ನೋಡುತ್ತ ತಲೆಯಾಡಿಸಿದ.

ಮನೆಯಲ್ಲಿ ಮಕ್ಕಳಿಗೆ ಭಾಷೆ ಕಲಿಸುವುದು ಹೇಗೆ, ಯಾವ ಪಾಠಕ್ರಮದಿಂದ? ನೀಲಾಂಬಿಕಾ ಊಟ ನಿದ್ದೆ ಬಿಟ್ಟು ಅದನ್ನೇ ಹುಡುಕಿದಳು. ಮೊದಲು ದೊಡ್ಡ ಊರಿನಿಂದ ಒಂದು ಪೆಟ್ಟಿಗೆ ತರಿಸಿದಳು. ಅದರಲ್ಲಿ ಬಣ್ಣದ ಪಟಗಳು, ಚೀಟಿಗಳು, ಮತ್ತು ತಾಯಿ ಪ್ರತಿ ಹೆಜ್ಜೆಗೆ ಏನು ಹೇಳಬೇಕೆಂದು ಬರೆದ ದಪ್ಪ ಪುಸ್ತಕ. 'ಈಗ ಮುಗುಳ್ನಗಿರಿ, ಈಗ ಮಗುವಿನ ಬೆನ್ನು ತಟ್ಟಿರಿ' ಅಂತ ಅದರಲ್ಲಿತ್ತು. ಪಾಪ, ಹೇಳಿದಲ್ಲೆಲ್ಲ ನಕ್ಕಳು.

"ಅವ್ವಾ, ಹಲ್ಲು ನೋಯಾಕತ್ತಾವೇನ?" ಕೇಳಿದ ಶಂಭು.

ಆ ಪಾಠಗಳಲ್ಲಿ ಮೊಲ ಗಜ್ಜರಿಗೆ ಧನ್ಯವಾದ ಹೇಳುತ್ತಿತ್ತು, ಸೂರ್ಯ ಹೂವಿಗೆ ಶುಭೋದಯ ಅನ್ನುತ್ತಿದ್ದ. ಮುಕ್ತಾ ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿ, "ಈ ಮೊಲಾನ್ನ ಯಾರೂ ತಿನ್ನೂದಿಲ್ಲೇನು?" ಅಂದಳು. ತಿನ್ನುವುದಿಲ್ಲ ಎಂದು ಗೊತ್ತಾದ ಮೇಲೆ ಎದ್ದು ಹೋದಳು.

ಬೆಳಗಾವಿಯಲ್ಲಿ ಮಕ್ಕಳನ್ನು ಮನೆಯಲ್ಲೇ ಓದಿಸುವ ಗೆಳತಿಯೊಬ್ಬಳಿದ್ದಳು. ಪಾಠವೇ ಬೇಡ, ಪುಸ್ತಕ ಮನೆ ತುಂಬ ಹರಡು, ಮನಸ್ಸು ಬಂದಾಗ ತಾನೇ ತೆರೆಯುತ್ತಾಳೆ ಎಂದು ಫೋನಿನಲ್ಲಿ ಹೇಳಿದಳು. ಹರಡಿದರು. ಮುಕ್ತಾ ಆ ಪುಸ್ತಕಗಳಿಂದ ಕೋಟೆ ಕಟ್ಟಿ, ಒಳಗೆ ಕಾಗದದ ಗೊಂಬೆಗಳ ಕತ್ತು ಹರಿದಳು. ಒಂದು ಪುಟವನ್ನೂ ತೆರೆಯಲಿಲ್ಲ. ಮಾಸ್ತರರು ಕುರ್ಚಿಯಲ್ಲಿ ಕೂತು ದಿನವೂ, "ಮಾನವಮಿ ಬಂತವಾ," ಅನ್ನುತ್ತಿದ್ದರು.

ಹೆದರಿಕೆ ಮನುಷ್ಯರನ್ನು ತಾವು ಬಿಟ್ಟು ಓಡಿದ ಮನೆಗೇ ತಿರುಗಿ ಕರೆತರುತ್ತದೆ. ನೀಲಾಂಬಿಕಾ ಕೊನೆಗೆ ಮಾವನ ಕ್ರಮವನ್ನೇ ಹಿಡಿದಳು: ಕಾಗುಣಿತ, ಕಾಪಿ, ಬಾಯಿಪಾಠ. ಒಂದು ಬೆಳಿಗ್ಗೆ ಪುಸ್ತಕ ಮುಂದಿಟ್ಟು, "ಕಣ್ಣು ತಗಿ," ಅಂದಳು. ಮುಕ್ತಾ ತೆಗೆಯಲಿಲ್ಲ. "ಕಣ್ಣು ತಗಿ ಅಂದ್ನಿ." ಇಲ್ಲ. "ಹಾಸ್ಟೆಲಿಗೆ ಹೋಕ್ಕಿಯೇನ?" ಆಮೇಲೆ ಮೊಳೆಯಿಂದ ನನ್ನನ್ನು ಕಿತ್ತದ್ದು, ಬೀಸಿದ್ದು ಅವಳಿಗೇ ತಿಳಿಯಿತೋ ಇಲ್ಲವೋ. ಅದೇ ಬಲಗೈಯ ಅದೇ ಗೆಣ್ಣುಗಳ ಮೇಲೆ ಬಿದ್ದೆ. ಒಮ್ಮೆಯಲ್ಲ, ಮತ್ತೆ ಮತ್ತೆ. ಹಳೆಯ ಗಾಯ ಬಿಚ್ಚಿ ಪುಸ್ತಕದ ಮೊಲದ ಮೇಲೆ ರಕ್ತ ತೊಟ್ಟಿಕ್ಕಿತು.

ಮುಕ್ತಾ ಅಳಲಿಲ್ಲ. ಅಜ್ಜನ ಬಾಯಿಂದ ಸಾಲೆಯ ಹಳೆಯ ವೈಭವ ಕೇಳಿ ಬೆಳೆದವಳು. ತಾಯಿಯ ಕೈಯಿಂದ ನನ್ನನ್ನು ಮೆಲ್ಲಗೆ ತೆಗೆದುಕೊಂಡು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡಳು.

ನೀಲಾಂಬಿಕಾ ತನ್ನ ಅದೇ ಕೈಯನ್ನು ಬಾಗಿಲಿನ ಚೌಕಟ್ಟಿಗೆ ಹೊಡೆದುಕೊಳ್ಳತೊಡಗಿದಳು. ನಿಂಗವ್ವ ಮೊರ ಬಿಟ್ಟು ಬಂದು ಆ ಕೈ ಹಿಡಿದಳು. "ಯವ್ವಾ ನೀಲಾ, ಸಾಲಿ ಬಿಡಿಸಿದಿ ಅಂತ ತಿಳದಿದ್ದೆ. ನೀ ಸಾಲೀನ್ನ ಮನಿಗೇ ಎತಿಗೊಂಡು ಬಂದ್ಯಲ್ಲ."

ಆಮೇಲೆ ಪಾಠ ನಡೆಯಲಿಲ್ಲ. ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಮುಕ್ತಾ ತಮ್ಮನಿಗೆ ಒಂದು ಹೊಸ ಕತೆ ಹೇಳತೊಡಗಿದಳು. ಬೆರಳು ತಿನ್ನುವ ಕರಿ ಕೋಲಿನ ಕತೆ. ನೀಲಾಂಬಿಕಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ನಾನಂತೂ ಮೊಳೆಯ ಮೇಲೆ ಅಲುಗಾಡದೆ ಕೇಳಿದೆ.

ಮಹಾನವಮಿ ಬಂತು. ಬಚ್ಚಲಲ್ಲಿ ಹಂಡೆಯ ಒಲೆ ಧಗಧಗ ಉರಿಯುತ್ತಿತ್ತು. ನಡುಮನೆಯಲ್ಲಿ ಎರಡು ಮಣೆ: ಒಂದರ ಮೇಲೆ ಪುಸ್ತಕಗಳು, ಇನ್ನೊಂದರ ಮೇಲೆ ಆಯುಧಗಳು, ಅಂದರೆ ಸಿದ್ರಾಮ ನಟ್ಟು ತಿರುಗಿಸುವ ಪಾನಾ, ಸುತ್ತಿಗೆ, ಅಡಿಗೆಮನೆಯ ಈಳಿಗೆ, ಕುಡಗೋಲು. ಮಾಸ್ತರರು ಪ್ರತಿ ವರ್ಷದಂತೆ ನನ್ನನ್ನು ಪುಸ್ತಕಗಳ ಮೇಲಿಟ್ಟು ವಿಭೂತಿ ಹಚ್ಚಿದರು. ಮುಕ್ತಾ ಬಂದು ನನ್ನನ್ನು ಎತ್ತಿಕೊಂಡಳು. ಕುಡಗೋಲಿಗೂ ಸುತ್ತಿಗೆಗೂ ನಡುವೆ ಇಟ್ಟಳು.

"ಅದು ವಿದ್ಯಾ. ಆಯುಧ ಅಲ್ಲ. ತಿರುಗಿ ಇಡು."

"ಇಲ್ಲ ಮುತ್ಯಾ. ಇದರ ಜಾಗಾ ಇದ."

ಮಾಸ್ತರರು ನನ್ನನ್ನು ಕಸಿದು ಎತ್ತಿದರು. ಸಿದ್ರಾಮ ನಡುವೆ ಬಂದ. ನಾನು ಅವನ ಹಣೆಗೆ ಬಡಿದೆ, ಹುಬ್ಬು ಸೀಳಿತು. ಎರಡನೆಯ ಏಟು ಬೀಳುವಷ್ಟರಲ್ಲಿ ಅವನು ಸೊಟ್ಟ ಬೆರಳಿನ ಕೈಯಿಂದ ನನ್ನನ್ನು ಹಿಡಿದುಕೊಂಡ. ಎಳೆದಾಟದಲ್ಲಿ ಪೂಜೆಯ ದೀಪದ ಸಮೆ ಉರುಳಿತು, ಎಣ್ಣೆ ಚೆಲ್ಲಿತು. ಫಿಟ್ಟರನ ಹಿಡಿತ, ಮುದುಕರ ಕೈ ಸೋತಿತು.

"ಅಪ್ಪಾ, ಸಾಕು." ಕಣ್ಣಿಗೆ ಇಳಿಯುತ್ತಿದ್ದ ರಕ್ತ ಒರೆಸದೆ ಅವನು ನೇರ ನೋಡಿ ಹೇಳಿದ.

ಮಾಸ್ತರರು ಏದುಸಿರು ಬಿಡುತ್ತ ಕುರ್ಚಿಗೆ ಕುಸಿದರು. "ಹಂಗಾರ ಓದ್ಲಿ. ಮಾತು ಮಾತು. ಪುಟ ಓದ್ಲಿ, ಇಲ್ಲಾ ಹಾಸ್ಟೆಲ್."

ನೀಲಾಂಬಿಕಾ ಪೆಟ್ಟಿಗೆಯ ಬಣ್ಣದ ಪಟವೊಂದನ್ನು ತಂದು, ನಗುವ ಸೂರ್ಯನನ್ನು ನೆಲಕ್ಕೆ ಮಾಡಿ ಹಾಸಿದಳು. ಹಿಂಬದಿ ಬೆಳ್ಳಗಿತ್ತು. "ಅವ್ವಿ, ಆ ಕರಿ ಕೋಲಿನ ಕತಿ ಹೇಳು. ನೀ ಹೇಳಿದ್ದ ನಾ ಬರೀತೀನಿ."

ಮುಕ್ತಾ ಹೇಳಿದಳು. ಒಂದು ಊರಲ್ಲಿ ಒಂದು ಕರಿ ಕೋಲು. ಅದಕ್ಕೆ ಬೆರಳಿನ ಹಸಿವು. ಕುಂಬಾರನ ಬೆರಳು ತಿಂದಿತು, ಗಡಿಗೆಗಳು ಸೊಟ್ಟಗಾದವು. ಮದ್ದಳೆಯವನ ಬೆರಳು ತಿಂದಿತು, ಊರಿಗೆ ಊರೇ ಮೂಕವಾಯಿತು. ರಾಜನ ಮಗನ ಬೆರಳನ್ನು ಕಟಕಟ ಅಗಿದಾಗ ರಾಜ ಚಪ್ಪಾಳೆ ತಟ್ಟಿದ, ಯಾಕೆಂದರೆ ಕೋಲು ಅವನದೇ. ಕೊನೆಗೆ ಬೆರಳಿಲ್ಲದವರೆಲ್ಲ ಸೇರಿ ಮೊಣಕೈಗಳಲ್ಲಿ ಅದನ್ನು ಹಿಡಿದು, ಹಂಡೆಯ ಒಲೆಗೆ ಹಾಕಿ ಸುಟ್ಟರು. ಆ ನೀರು ಮಿಂದವರಿಗೆ ಬೆರಳು ಚಿಗುರಿದವು.

ಸಿದ್ರಾಮ ತನ್ನ ಕಿರುಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ. ನೀಲಾಂಬಿಕಾ ಬರೆಯುತ್ತಲೇ ಇದ್ದಳು. ಗೆರೆಯಿಲ್ಲದ ಕಾಗದದಲ್ಲಿ ಸಾಲುಗಳು ಇಳಿಜಾರಿನಲ್ಲಿ ಜಾರುತ್ತಿದ್ದವು.

ಮುಕ್ತಾ ಮೊಣಕಾಲೂರಿ ಕಾಗದದ ಮೇಲೆ ಬಾಗಿದಳು. ಕಣ್ಣು ಮುಚ್ಚಲಿಲ್ಲ, ತನ್ನ ಕುಂಬಾರ, ತನ್ನ ರಾಜ ಅಲ್ಲಿ ಇದ್ದಾರೋ ಇಲ್ಲವೋ ನೋಡಬೇಕಿತ್ತು. ಬೆರಳಿಟ್ಟು ಓದತೊಡಗಿದಳು.

"ಬಾಯಿಪಾಠ. ಈಗ ತಾನ ಹೇಳ್ಯಾಳ," ಅಂದರು ಮಾಸ್ತರರು.

ಅವಳು ಓದುತ್ತ ಹೋದಳು. ಕುಂಬಾರ ಬಂದ, ಮದ್ದಳೆಯವನು ಬಂದ, ರಾಜ ಚಪ್ಪಾಳೆ ತಟ್ಟಿದ. ಕೊನೆಯಲ್ಲಿ ಬೆರಳು ನಿಂತಿತು. "ಆಗ... ಕರಿ ಕೋಲು... ತಪ್ಪಾಯಿತು ಎಂದು... ಕೈಮುಗಿದು ಕಾಡಿಗೆ ಹೋಯಿತು." ಹುಬ್ಬು ಗಂಟಿಕ್ಕಿದಳು. ಮತ್ತೊಮ್ಮೆ ಓದಿದಳು. "ಅವ್ವಾ, ಇದು ನಂದಲ್ಲ. ಸುಟ್ರು ಅಂದಿದ್ನಿ ನಾನು."

ನೀಲಾಂಬಿಕಾಳ ಮುಖ ಕೆಂಪಾಯಿತು. "ಹಬ್ಬದ ದಿನ... ಸುಡೂದು ಯಾಕ ಅಂತ..."

ಮಾಸ್ತರರು ಕನ್ನಡಕ ಹುಡುಕಿ ಹಾಕಿಕೊಂಡು, ಪಟದ ಮೇಲೆ ಬಾಗಿ ಆ ಸಾಲನ್ನು ತಾವೇ ಓದಿದರು. ಹೌದು, ಅಲ್ಲಿ ಇದ್ದದ್ದು ಅದೇ. ಹುಡುಗಿ ಹೇಳದೆ ಇದ್ದದ್ದು, ಆದ್ದರಿಂದ ಓದಿದ್ದು. ಅವರು ಕನ್ನಡಕ ತೆಗೆದರು. "ಓದ್ಯಾಳ," ಅಂದರು ನಿಂಗವ್ವನಿಗೆ, ಬಹಳ ಸಣ್ಣ ದನಿಯಲ್ಲಿ. "ಹಾಸ್ಟೆಲ್ ಬ್ಯಾಡ."

ಮುಕ್ತಾಗೆ ಅದು ಕೇಳಿಸಿತೋ ಇಲ್ಲವೋ. ತಾಯಿಯ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಕೊನೆಯ ಸಾಲನ್ನು ಗೀಚಿ ಹೊಡೆದುಹಾಕಿದಳು. ಗಾಯದ ಕೈಯಲ್ಲಿ ಪೆನ್ಸಿಲ್ ಹಿಡಿದೇ ತಂದೆಯ ಕಡೆ ತಿರುಗಿದಳು. "ಅವ್ವನ ಸಾಲು ಸೊಟ್ಟ ಆಗ್ಯಾವ. ನನಗ ಗೆರಿ ಬೇಕು."

ಸಿದ್ರಾಮ ಸುತ್ತಮುತ್ತ ನೋಡಿದ. ಗೆರೆ ಎಳೆಯಲು ಕೈಯಲ್ಲಿ ಇದ್ದದ್ದು ನಾನೊಬ್ಬನೇ.

ಹಂಡೆಯ ಒಲೆಯ ಬೆಳಕು ಬಚ್ಚಲ ಬಾಗಿಲಿನಿಂದ ನನ್ನ ಮೇಲೆ ಬೀಳುತ್ತಿತ್ತು. ಅವಳು ಏನು ಬರೆಯಲಿದ್ದಾಳೆಂದು ನನಗೆ ಗೊತ್ತಿತ್ತು. ನಾನು ಮುದಿಯಾಗಿದ್ದೇನೆ; ಮೈಮೇಲೆ ಹಲ್ಲಿನ ಗುರುತು, ಉಪ್ಪು, ತಂದೆ ಮಗಳ ರಕ್ತ. ಒಂದು ಜನ್ಮಕ್ಕೆ ಇಷ್ಟು ಏಟು ಹೆಚ್ಚೇ ಆಯಿತು. ಬೆಂಕಿಯ ಭಯ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ದೊಡ್ಡದು ಒಂದು ಆಸೆ ಇತ್ತು.

ಸಿದ್ರಾಮ ನನ್ನನ್ನು ಕಾಗದದ ಮೇಲೆ ಮಲಗಿಸಿದ. ಸೊಟ್ಟ ಕಿರುಬೆರಳಿನಿಂದ ನನ್ನ ತುದಿ ಒತ್ತಿ ಹಿಡಿದ. ನಾನು ಉರುಳಿದೆ. ಮುಕ್ತಾಳ ಪೆನ್ಸಿಲ್ ನನ್ನ ಬೆನ್ನು ಸವರುತ್ತ ಹೋಯಿತು. ಮೌಲಾಸಾಬ ಹೇಳಿದ್ದಂಥದೇ ಒಂದು ಗೆರೆ, ಕಾಗದದ ಈ ತುದಿಯಿಂದ ಆ ತುದಿಗೆ.

ಮುಕ್ತಾ ನಾಲಗೆಯ ತುದಿ ಹಲ್ಲಿನಲ್ಲಿ ಕಚ್ಚಿ ಹಿಡಿದು, ಒಂದೊಂದೇ ಅಕ್ಷರ ಗೆರೆಯ ಮೇಲೆ ಕೂರಿಸುತ್ತ, ತನ್ನ ಮಾತನ್ನು ತಾನೇ ಬರೆದಳು: ಕರಿ ಕೋಲನ್ನು ಸುಟ್ಟರು.